ಸಾಲ ಕೊಡುವವರ ಮನೆಯಿಂದ ಬಂದ ಮಂತ್ರಿ

2000ನೇ ಇಸವಿಯಲ್ಲಿ ಜಪಾನಿನ ಒಕಿನಾವಾದಲ್ಲಿ ದೊಡ್ಡ ಆರ್ಥಿಕತೆಗಳ ಕೂಟವಾದ ಜಿ-8ರ ಶೃಂಗಸಭೆ ಮುಗಿದ ಮೇಲೆ ನೈಜೀರಿಯಾದ ಅಧ್ಯಕ್ಷ ಒಲುಸೆಗುನ್ ಒಬಸಾಂಜೊ ಒಂದು ಲೆಕ್ಕ ಮುಂದಿಟ್ಟರು. 1985-86ರ ತನಕ ನಾವು ತಂದ ಸಾಲ ಸುಮಾರು 500 ಕೋಟಿ ಡಾಲರ್, ಇಲ್ಲಿಯವರೆಗೆ ಕಟ್ಟಿದ್ದು ಸುಮಾರು 1,600 ಕೋಟಿ, ಆದರೂ 2,800 ಕೋಟಿ ಬಾಕಿ ಇದೆ ಅನ್ನುತ್ತಿದ್ದಾರೆ ಎಂದರು. ಜಗತ್ತಿನಲ್ಲಿ ಅತಿ ಕೆಟ್ಟದ್ದು ಯಾವುದೆಂದು ಕೇಳಿದರೆ ಚಕ್ರಬಡ್ಡಿ ಅಂತೀನಿ ಎಂದೂ ಸೇರಿಸಿದರು. ಈ ಲೆಕ್ಕದಲ್ಲಿ ರಾಜಕಾರಣಿಯ ಉಪ್ಪುಖಾರ ಇಲ್ಲದಿರಲಿಲ್ಲ. ವಿಶ್ವ ಬ್ಯಾಂಕಿನ ಪುಸ್ತಕದ ಪ್ರಕಾರ 1985ರಲ್ಲೇ ನೈಜೀರಿಯಾದ ಹೊರಸಾಲ ಅವರು ಹೇಳಿದ ಅಸಲಿನ ಮೂರು ಪಟ್ಟು ದಾಟಿತ್ತು. ಆದರೆ ಕಟ್ಟಿದಷ್ಟೂ ಬೆಳೆಯುತ್ತಿದ್ದ ಸಾಲ ಎಂಬ ಮಾತು ಮಾತ್ರ ಸುಳ್ಳಲ್ಲ.

ಮೂರು ವರ್ಷದ ನಂತರ ಅದೇ ಒಬಸಾಂಜೊ ಈ ಗಂಟು ಬಿಡಿಸಲು ಕರೆತಂದದ್ದು ಸಾಲ ಕೊಡುವವರ ಮನೆಯಲ್ಲೇ ಎರಡು ದಶಕ ದುಡಿದ ಹೆಣ್ಣುಮಗಳೊಬ್ಬರನ್ನು. ಎನ್ಗೋಜಿ ಒಕೊಂಜೊ-ಇವೇಲಾ ಇಂದು ನಮಗೆ ಪರಿಚಯ ವಿಶ್ವ ವ್ಯಾಪಾರ ಸಂಸ್ಥೆಯ ಮುಖ್ಯಸ್ಥೆಯಾಗಿ, ಬಣ್ಣದ ಗೆಲೆ ರುಮಾಲು ಸುತ್ತಿಕೊಂಡು ಜಿನೀವಾದ ಸಭೆಗಳಲ್ಲಿ ಕೂರುವ ಮುಖವಾಗಿ. ಆ ಹುದ್ದೆಗೆ ಬರುವ ಮೊದಲಿನ ಕಥೆಯೇ ಹೆಚ್ಚು ಹೇಳಬೇಕಾದದ್ದು ಅಂತ ನನ್ನ ಅಭಿಪ್ರಾಯ. ಬಡ ದೇಶದ ಸಾಲದ ಷರತ್ತುಗಳನ್ನು ಯಾರು ಬರೆಯುತ್ತಾರೆ ಎಂಬ ಹಳೆಯ ಜಗಳ ಆ ಕಥೆಯೊಳಗೆ ಇಡಿಯಾಗಿ ಸಿಗುತ್ತದೆ.

ಸಾಲ ಹುಟ್ಟಿದ್ದು ಎಣ್ಣೆಯ ಶ್ರೀಮಂತಿಕೆಯಲ್ಲಿ. ಎಪ್ಪತ್ತರ ದಶಕದಲ್ಲಿ ಕಚ್ಚಾತೈಲದ ಬೆಲೆ ಏರಿದಾಗ ನೈಜೀರಿಯಾಕ್ಕೆ ಸಾಲ ಕೊಡಲು ಬ್ಯಾಂಕುಗಳು ಸಾಲುಗಟ್ಟಿದವು. 1978ರಲ್ಲಿ ತಂದ 100 ಕೋಟಿ ಡಾಲರಿನ ಸಾಲಕ್ಕೆ ಅಲ್ಲಿನವರು ಇಟ್ಟ ಹೆಸರೇ 'ಜಂಬೊ ಸಾಲ'. ಎಂಬತ್ತರ ದಶಕದಲ್ಲಿ ತೈಲಬೆಲೆ ಕುಸಿಯಿತು, ಜಗತ್ತಿನ ಬಡ್ಡಿದರ ಏರಿತು, ಕಂತು ತಪ್ಪಿತು. ಯುರೋಪಿನ ಕಂಪನಿಗಳು ಮಾರಿದ ಸರಕಿಗೆ ಅವುಗಳ ಸರ್ಕಾರಗಳೇ ಜಾಮೀನು ನಿಂತಿದ್ದರಿಂದ, ನೈಜೀರಿಯಾ ದುಡ್ಡು ಕೊಡದಿದ್ದಾಗ ಆ ಬಾಕಿ ಸರ್ಕಾರಕ್ಕೆ ಸರ್ಕಾರ ಕೊಡಬೇಕಾದ ಸಾಲವಾಗಿ ಬದಲಾಯಿತು. ಸರ್ಕಾರಗಳ ಇಂಥ ಬಾಕಿ ವಸೂಲಿಗೆ ಕೂರುವ ಕೂಟವೇ ಪ್ಯಾರಿಸ್ ಕ್ಲಬ್. 1956ರಲ್ಲಿ ಅರ್ಜೆಂಟೀನಾದ ಸಾಲದ ಮಾತುಕತೆಯಿಂದ ಶುರುವಾದ ಇದಕ್ಕೆ ಸಂವಿಧಾನವಿಲ್ಲ, ಕಾನೂನಿನ ಅಸ್ತಿತ್ವವಿಲ್ಲ. ಫ್ರಾನ್ಸಿನ ಖಜಾನೆ ಅಧಿಕಾರಿಯೊಬ್ಬರು ಅಧ್ಯಕ್ಷತೆ ವಹಿಸುತ್ತಾರೆ, ಕೊಟ್ಟವರೆಲ್ಲ ಒಂದು ಕಡೆ ಕೂರುತ್ತಾರೆ, ತಂದವರು ಒಬ್ಬರೇ ಎದುರು.

1986, 1989, 1991, 2000. ನಾಲ್ಕು ಸಲ ನೈಜೀರಿಯಾ ಆ ಕೋಣೆಗೆ ಹೋಗಿ ಕಂತುಗಳನ್ನು ಮುಂದೂಡಿಸಿಕೊಂಡು ಬಂತು. ಮುಂದೂಡಿದ ಸಾಲ ಕರಗುವುದಿಲ್ಲವಲ್ಲ. ತೊಂಬತ್ತರ ದಶಕದಲ್ಲಿ ಸನಿ ಅಬಾಚಾ ಎಂಬ ಸೇನಾಧಿಪತಿ ಆಳಿದ ಕಾಲದಲ್ಲಿ ಕಂತುಗಳನ್ನು ಪೂರ್ತಿ ಕಟ್ಟಲೇ ಇಲ್ಲ. ಸುಸ್ತಿಗೆ ದಂಡಬಡ್ಡಿ, ಅದರ ಮೇಲೆ ಮತ್ತೆ ಬಡ್ಡಿ ಬೆಳೆಯಿತು. ಅತ್ತ ಅಬಾಚಾ ಕುಟುಂಬದ ದುಡ್ಡು ಸ್ವಿಸ್ ಬ್ಯಾಂಕುಗಳಲ್ಲಿ ಬೆಚ್ಚಗಿತ್ತು.

ಎನ್ಗೋಜಿ ಹುಟ್ಟಿದ್ದು 1954ರಲ್ಲಿ, ಈಗಿನ ಡೆಲ್ಟಾ ರಾಜ್ಯದ ಒಗ್ವಾಶಿ-ಉಕುವಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಓದಲು ಯುರೋಪಿಗೆ ಹೋಗಿದ್ದರಿಂದ ಒಂಬತ್ತು ವರ್ಷದ ತನಕ ಅಜ್ಜಿಯ ಮನೆಯಲ್ಲಿ ಬೆಳೆದರು. 1967ರಲ್ಲಿ ಬಿಯಾಫ್ರಾ ಯುದ್ಧ, ಅಂದರೆ ನೈಜೀರಿಯಾದ ಅಂತರ್ಯುದ್ಧ, ಶುರುವಾಗಿ ಮನೆಯ ಉಳಿತಾಯವೆಲ್ಲ ಹೋಯಿತು. ಆಗಿನ ಒಂದು ಘಟನೆಯನ್ನು 2007ರಲ್ಲಿ, ವಿದೇಶಿ ನೆರವು ಬೇಕೇ ಬೇಡವೇ ಎಂಬ ವಾದದ ನಡುವೆ, ಅವರೇ ಒಂದು ಭಾಷಣದಲ್ಲಿ ಹೇಳಿಕೊಂಡರು. ಮೂರು ವರ್ಷದ ತಂಗಿಗೆ ಮಲೇರಿಯಾ ಏರಿ ಪ್ರಾಣ ಹೋಗುವ ಸ್ಥಿತಿ. ಅಮ್ಮನೂ ಹಾಸಿಗೆ ಹಿಡಿದಿದ್ದಾರೆ. ಹದಿನೈದರ ಹುಡುಗಿ ತಂಗಿಯನ್ನು ಬೆನ್ನಿಗೆ ಕಟ್ಟಿಕೊಂಡು ಮೈಲಿಗಟ್ಟಲೆ ನಡೆದು ವೈದ್ಯರಿದ್ದ ಚರ್ಚಿಗೆ ಹೋದಳು. ಬಾಗಿಲ ಮುಂದೆ ಕಾಲಿಡಲಾಗದಷ್ಟು ಜನ. ಜನರ ಕಾಲುಗಳ ಸಂದಿಯಲ್ಲಿ ತೆವಳಿ, ಕಿಟಕಿ ಹತ್ತಿ ಒಳಗೆ ಬಿದ್ದಳು. ಕ್ಲೋರೋಕ್ವಿನ್ ಚುಚ್ಚುಮದ್ದು ಕೊಟ್ಟ ಕೆಲವೇ ಗಂಟೆಗಳಲ್ಲಿ ಮಗು ಕಣ್ಣು ಬಿಟ್ಟಿತು. ನೆರವಿನ ದುಡ್ಡನ್ನು ಬಾಯಿಗೆ ಬಂದಂತೆ ಬೈಯುವವರಿಗೂ ಹೊಗಳುವವರಿಗೂ ಅವರು ಪೂರ್ತಿ ಸಿಕ್ಕದೆ ಉಳಿದಿರುವುದು ಈ ಕಾರಣಕ್ಕೇ ಇರಬಹುದು.

ಮುಂದೆ ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ, ಎಂಐಟಿಯಲ್ಲಿ 1981ರಲ್ಲಿ ಪಿಎಚ್.ಡಿ. ಸಂಶೋಧನೆಯ ವಿಷಯ ನೈಜೀರಿಯಾದ ಕೃಷಿ ಮತ್ತು ಗ್ರಾಮೀಣ ಸಾಲ ವ್ಯವಸ್ಥೆ. ಅಲ್ಲಿಂದ ವಿಶ್ವ ಬ್ಯಾಂಕ್. ಹಂತಹಂತವಾಗಿ ಏರಿ ಉಪಾಧ್ಯಕ್ಷೆಯಾದರು. 2000ದಲ್ಲಿ ಕೆಲವು ತಿಂಗಳು ರಜೆ ಹಾಕಿ ಊರಿಗೆ ಬಂದು ಒಬಸಾಂಜೊಗೆ ಸಾಲದ ವಿಷಯದಲ್ಲಿ ಸಲಹೆ ಕೊಟ್ಟರು. ಯಾರಿಗೆ ಎಷ್ಟು ಕೊಡಬೇಕು ಎಂಬ ಕಡತಗಳು ಹಲವು ಇಲಾಖೆಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ಸಾಲಗಾರ ತನ್ನ ಸಾಲ ಎಷ್ಟೆಂದು ಸಾಲ ಕೊಟ್ಟವನನ್ನೇ ಕೇಳಬೇಕಾದ ಸ್ಥಿತಿ. ಆ ವರ್ಷವೇ ಸಾಲ ನಿರ್ವಹಣಾ ಕಚೇರಿ ಹುಟ್ಟಿತು. 2003ರಲ್ಲಿ ಅವರು ಹಣಕಾಸು ಸಚಿವೆಯಾದರು, ಆ ಹುದ್ದೆಗೆ ಬಂದ ಮೊದಲ ಮಹಿಳೆ.

ಬಂದ ತಕ್ಷಣ ಟೀಕೆ ಶುರುವಾದದ್ದು ಸಂಬಳದ ಮೇಲೆ. ಅವರ ವೇತನ ಡಾಲರಿನಲ್ಲಿ, ವರ್ಷಕ್ಕೆ ಸುಮಾರು ಎರಡೂವರೆ ಲಕ್ಷ. ವಿದೇಶದಲ್ಲಿರುವ ನೈಜೀರಿಯನ್ನರನ್ನು ಕರೆತರಲು ಮಾಡಿದ ನಿಧಿಯಿಂದ ಅದು ಬರುತ್ತಿತ್ತು. ಲಾಗೋಸಿನ ಹೆಸರಾಂತ ವಕೀಲ ಗಾನಿ ಫಾವೆಹಿನ್ಮಿ ಇದು ಕಾನೂನುಬಾಹಿರ ಎಂದು ಕೋರ್ಟಿಗೆ ಹೋದರು, ಕೊನೆಗೆ ಮೇಲ್ಮನವಿಯಲ್ಲಿ ಗೆದ್ದರು. ಬಡವರ ಖಜಾನೆ ಕಾಯಲು ಬಂದವರಿಗೆ ವಾಷಿಂಗ್ಟನ್ ದರದ ಸಂಬಳವೇಕೆ ಎಂಬ ಪ್ರಶ್ನೆ ತಪ್ಪೇನಲ್ಲ.

ಅವರು ಮಾಡಿದ ಎರಡು ಕೆಲಸ ಮಾತ್ರ ಗಟ್ಟಿಯಾಗಿ ಉಳಿದವು. ಮೊದಲನೆಯದು, ಬಜೆಟ್ ಬರೆಯುವಾಗ ತೈಲಕ್ಕೆ ಕಡಿಮೆ ಬೆಲೆ ಹಿಡಿದುಕೊಂಡು, ಅದಕ್ಕಿಂತ ಹೆಚ್ಚು ಬಂದದ್ದನ್ನು ಬೇರೆ ಖಾತೆಗೆ ಹಾಕುವುದು. 2004ರ ಬಜೆಟ್ಟಿನಲ್ಲಿ ಪೀಪಾಯಿಗೆ 25 ಡಾಲರ್ ಹಿಡಿದರು, ಮಾರುಕಟ್ಟೆಯಲ್ಲಿ ಅದಕ್ಕಿಂತ ಬಹಳ ಮೇಲಿತ್ತು. ಎರಡನೆಯದು ನನಗೆ ಹೆಚ್ಚು ಇಷ್ಟ. ಪ್ರತಿ ತಿಂಗಳು ಕೇಂದ್ರದ ಖಾತೆಯಿಂದ 36 ರಾಜ್ಯಗಳಿಗೆ, 774 ಸ್ಥಳೀಯ ಆಡಳಿತಗಳಿಗೆ ಎಷ್ಟೆಷ್ಟು ಹಂಚಿಕೆಯಾಯಿತು ಎಂಬ ಪಟ್ಟಿಯನ್ನು ಪತ್ರಿಕೆಗಳಲ್ಲಿ ಅಚ್ಚು ಹಾಕಿಸಿದರು. ಜನ ಆ ದಿನದ ಪತ್ರಿಕೆ ಹುಡುಕಿ ಕೊಂಡರು. ನಮ್ಮೂರ ಶಾಲೆಗೆ ಛಾವಣಿ ಇಲ್ಲ, ಸ್ಥಳೀಯ ಆಡಳಿತದ ಅಧ್ಯಕ್ಷರ ಕೈಗೆ ಇಷ್ಟು ಬಂದಿದೆಯಲ್ಲ ಎಂದು ಕೇಳಲು ಒಂದು ಕಾಗದ ಸಿಕ್ಕಿತು. ರಾಜ್ಯಪಾಲರಿಗೆ, ಅಂದರೆ ಅಲ್ಲಿ ಚುನಾಯಿತರಾಗಿ ರಾಜ್ಯ ಆಳುವವರಿಗೆ, ಇದು ರುಚಿಸಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ಇನ್ನು ದೊಡ್ಡ ಮಾತುಕತೆ. ಪ್ಯಾರಿಸ್ ಕ್ಲಬ್ಬಿಗೆ ಕೊಡಬೇಕಾದದ್ದು ಸುಮಾರು 3,000 ಕೋಟಿ ಡಾಲರ್. ಮನ್ನಾ ಕೇಳಲು ಹೋದರೆ ಎರಡು ಬೀಗ. ಒಂದು, ನಿಮ್ಮಲ್ಲಿ ಎಣ್ಣೆ ಇದೆ, ನೀವು ಅತಿ ಬಡವರ ಪಟ್ಟಿಯಲ್ಲಿಲ್ಲ. ಇನ್ನೊಂದು, ಅಂತರರಾಷ್ಟ್ರೀಯ ಹಣಕಾಸು ನಿಧಿಯ (ಐಎಂಎಫ್) ಕಾರ್ಯಕ್ರಮಕ್ಕೆ ಸಹಿ ಹಾಕದೆ ಕ್ಲಬ್ ಮಾತಾಡುವುದಿಲ್ಲ. 1985ರಲ್ಲಿ ಐಎಂಎಫ್ ಸಾಲ ಬೇಕೇ ಎಂದು ನೈಜೀರಿಯಾದಲ್ಲಿ ಸಾರ್ವಜನಿಕ ಚರ್ಚೆಯೇ ನಡೆದು ಬೇಡ ಎಂದು ತೀರ್ಮಾನವಾಗಿತ್ತು. ಮರುವರ್ಷ ಅದರದೇ ಮಾದರಿಯ ಬಿಗಿ ಕ್ರಮಗಳು ಬೇರೆ ಹೆಸರಲ್ಲಿ ಬಂದು ಜನರ ಸೊಂಟ ಮುರಿದಿದ್ದವು. ಆ ಹೆಸರನ್ನು ಎತ್ತಿದ ಸರ್ಕಾರ ಉಳಿಯುತ್ತಿರಲಿಲ್ಲ.

ಒಳಗಿನ ಮನೆಯ ನಡೆ ಬಲ್ಲವರು ಇಲ್ಲಿ ಉಪಯೋಗಕ್ಕೆ ಬಂದರು. ತಲಾ ಆದಾಯದ ಲೆಕ್ಕ ತೋರಿಸಿ, ವಿಶ್ವ ಬ್ಯಾಂಕ್ ನೈಜೀರಿಯಾವನ್ನು ಅತಿ ಬಡ ದೇಶಗಳ ಸಾಲವಿಭಾಗವಾದ ಐಡಿಎಗೆ ಮಾತ್ರ ಅರ್ಹ ಎಂದು 2005ರಲ್ಲಿ ಮರುವಿಂಗಡಣೆ ಮಾಡುವಂತಾಯಿತು. ಐಎಂಎಫ್‌ನಿಂದ ಒಂದು ಡಾಲರೂ ಪಡೆಯದೆ, ಬರೀ ಅದರ ಮೇಲ್ವಿಚಾರಣೆ ಒಪ್ಪಿಕೊಳ್ಳುವ ಹೊಸ ಏರ್ಪಾಡೊಂದು ಅದೇ ವರ್ಷದ ಅಕ್ಟೋಬರಿನಲ್ಲಿ ಹುಟ್ಟಿತು. ಅದನ್ನು ಬಳಸಿದ ಮೊದಲ ದೇಶ ನೈಜೀರಿಯಾ. ಅತ್ತ ರಾಜಧಾನಿ ಅಬುಜಾದಲ್ಲಿ ಜನಪ್ರತಿನಿಧಿಗಳ ಸಭೆ ಸಾಲ ಕಟ್ಟುವುದನ್ನೇ ನಿಲ್ಲಿಸಿ ಎಂದು ನಿರ್ಣಯ ಮಾಡಿತ್ತು. ಹಿಂದಿನ ವರ್ಷವಷ್ಟೇ ಅಮೆರಿಕದ ಒತ್ತಾಸೆಯಿಂದ ಇರಾಕಿನ ಸಾಲದಲ್ಲಿ 80% ಮನ್ನಾ ಮಾಡಿದ ಕ್ಲಬ್ಬಿಗೆ, ನಮಗೇಕಿಲ್ಲ ಎಂಬ ಪ್ರಶ್ನೆಯನ್ನು ಒರೆಸಿಹಾಕುವುದು ಸುಲಭವಿರಲಿಲ್ಲ. ಬ್ರಿಟನ್ನಿನ ಗ್ಲೆನೀಗಲ್ಸ್‌ನಲ್ಲಿ ಜಿ-8 ಶೃಂಗಸಭೆ ಹತ್ತಿರವಾಗಿತ್ತು, ಆಫ್ರಿಕಾಕ್ಕೆ ಏನಾದರೂ ಮಾಡಿದೆವು ಎಂದು ತೋರಿಸುವ ತುರ್ತು ಅವರಿಗೂ ಇತ್ತು.

ಒಪ್ಪಂದ ಹೀಗಿತ್ತು: ಸುಸ್ತಿಬಾಕಿ ಸುಮಾರು 630 ಕೋಟಿ ಡಾಲರನ್ನು ಮೊದಲು ಪೂರ್ತಿ ಕಟ್ಟುವುದು, ಉಳಿದದ್ದರಲ್ಲಿ 67% ಎರಡು ಹಂತದಲ್ಲಿ ಮನ್ನಾ, ಮಿಕ್ಕ ಸಾಲವನ್ನು ರಿಯಾಯಿತಿಯಲ್ಲಿ ಒಂದೇ ಏಟಿಗೆ ತೀರಿಸುವುದು. ಒಟ್ಟು 1,800 ಕೋಟಿ ಮನ್ನಾ, ಸುಮಾರು 1,200 ಕೋಟಿ ನಗದು. 2006ರ ಏಪ್ರಿಲ್‌ನಲ್ಲಿ ಲೆಕ್ಕ ಚುಕ್ತಾ.

ಇದನ್ನು ಔದಾರ್ಯ ಎಂದು ಬರೆದವರು ಬಹಳ. ನನಗೆ ಹಾಗನಿಸುವುದಿಲ್ಲ. ಕುಡಿಯುವ ನೀರು, ಆಸ್ಪತ್ರೆಗೆ ಪರದಾಡುವ ದೇಶವೊಂದು 1,200 ಕೋಟಿ ಡಾಲರನ್ನು ಆರೇ ತಿಂಗಳಲ್ಲಿ ಲಂಡನ್, ಪ್ಯಾರಿಸ್, ಬರ್ಲಿನ್‌ಗಳಿಗೆ ಎಣಿಸಿಕೊಟ್ಟಿತು. ಮನ್ನಾ ಆದದ್ದರಲ್ಲಿ ದೊಡ್ಡ ಪಾಲು ಬಡ್ಡಿ, ದಂಡಬಡ್ಡಿ. ಆದರೂ ಅವರು ಸಹಿ ಹಾಕಿದ್ದು ಸರಿ. ತೈಲಬೆಲೆ ಏರಿ ಕೈಯಲ್ಲಿ ಕಾಸಿದ್ದ ಆ ಹೊತ್ತು ಕಳೆದರೆ ಮತ್ತೆ ಬರುತ್ತಿರಲಿಲ್ಲ. ವರ್ಷಕ್ಕೆ ಸುಮಾರು 100 ಕೋಟಿ ಡಾಲರಿನ ಕಂತು ಉಳಿಯಿತು. ಅಬಾಚಾನ ಹಣದಲ್ಲಿ ಸುಮಾರು 50 ಕೋಟಿ ಡಾಲರ್ ಸ್ವಿಟ್ಜರ್‌ಲೆಂಡಿನಿಂದ ವಾಪಸಾದದ್ದೂ ಇದೇ ಅವಧಿಯಲ್ಲಿ. ಇಷ್ಟೆಲ್ಲ ಆದ ಕೆಲವೇ ತಿಂಗಳಲ್ಲಿ ಎನ್ಗೋಜಿ ಅವರನ್ನು ಒಬಸಾಂಜೊ ವಿದೇಶಾಂಗ ಖಾತೆಗೆ ಎತ್ತಿಹಾಕಿದರು, ಆರ್ಥಿಕ ತಂಡದ ನೇತೃತ್ವವನ್ನೂ ಕಿತ್ತುಕೊಂಡರು. ಅವರು ರಾಜೀನಾಮೆ ಕೊಟ್ಟು ಹೊರಟರು.

2007ರಿಂದ ಮತ್ತೆ ವಿಶ್ವ ಬ್ಯಾಂಕ್, ಈ ಸಲ ವ್ಯವಸ್ಥಾಪಕ ನಿರ್ದೇಶಕಿ. ಅವರ ಕೈಕೆಳಗೆ ಬಂದ ಪ್ರದೇಶಗಳಲ್ಲಿ ದಕ್ಷಿಣ ಏಷ್ಯಾವೂ ಒಂದು. 2010ರಲ್ಲಿ ಐಡಿಎಗೆ 4,930 ಕೋಟಿ ಡಾಲರ್ ಕೂಡಿಸಿದ ಮಾತುಕತೆಯ ಅಧ್ಯಕ್ಷತೆ ಅವರದು. ನಮ್ಮ ಹಳ್ಳಿಗಳಲ್ಲಿ ನಡೆದ 'ಜಲನಿರ್ಮಲ' ನೀರಿನ ಯೋಜನೆ, ಕೆರೆಗಳ ಹೂಳೆತ್ತಿಸಿದ 'ಜಲ ಸಂವರ್ಧನೆ' ಯೋಜನೆಗಳ ಹಿಂದೆ ಇದ್ದದ್ದು ಇದೇ ಐಡಿಎ ಸಾಲ.

2011ರಲ್ಲಿ ಆಗಿನ ಅಧ್ಯಕ್ಷ ಗುಡ್‌ಲಕ್ ಜೊನಾಥನ್ ಕರೆದಾಗ ಮರಳಿ ಹಣಕಾಸು ಖಾತೆಗೆ ಬಂದರು. ಈ ಎರಡನೇ ಸರದಿ ಮೊದಲಿನಂತಿರಲಿಲ್ಲ. 2012ರ ಜನವರಿ 1ರಂದು ಪೆಟ್ರೋಲ್ ಸಬ್ಸಿಡಿ ತೆಗೆದರು, ಬೆಲೆ ರಾತ್ರೋರಾತ್ರಿ ಜಿಗಿಯಿತು, ದೇಶ ಬೀದಿಗಿಳಿಯಿತು, ಎರಡು ವಾರದಲ್ಲಿ ಸರ್ಕಾರ ಅರ್ಧ ಹಿಂದೆ ಸರಿಯಿತು. ಎಣ್ಣೆಯ ದೇಶದಲ್ಲಿ ಸರ್ಕಾರದಿಂದ ತಮಗೆ ಸಿಗುವ ಒಂದೇ ಲಾಭ ಅಗ್ಗದ ಪೆಟ್ರೋಲ್ ಎಂದುಕೊಂಡ ಜನರ ಲೆಕ್ಕವನ್ನು ಅವರು ಹಗುರವಾಗಿ ಅಳೆದರು ಎಂದೇ ಹೇಳಬೇಕು. ಅತ್ತ ಸಬ್ಸಿಡಿ ಹೆಸರಲ್ಲಿ ಬಾರದ ಹಡಗಿಗೂ ಬಿಲ್ಲು ಮಾಡಿದ್ದ ಆಮದುದಾರರ ಪಾವತಿಯನ್ನು ತಡೆಹಿಡಿದರು. ಡಿಸೆಂಬರಿನಲ್ಲಿ ಊರ ಮನೆಯಿಂದ ಅವರ ಎಂಬತ್ತು ದಾಟಿದ ತಾಯಿ, ನಿವೃತ್ತ ಪ್ರಾಧ್ಯಾಪಕಿ ಕಾಮೆನೆ ಒಕೊಂಜೊ ಅವರ ಅಪಹರಣವಾಯಿತು. ಮಗಳು ರಾಜೀನಾಮೆ ಕೊಡಬೇಕೆಂಬುದು ಅಪಹರಣಕಾರರ ಬೇಡಿಕೆ. ಕೊಡಲಿಲ್ಲ. ಐದು ದಿನದ ಮೇಲೆ ತಾಯಿ ಬಿಡುಗಡೆಯಾದರು.

ಅದೇ ವರ್ಷದ ಏಪ್ರಿಲ್‌ನಲ್ಲಿ ವಿಶ್ವ ಬ್ಯಾಂಕಿನ ಅಧ್ಯಕ್ಷ ಹುದ್ದೆಗೆ ಅವರು ಸ್ಪರ್ಧಿಸಿದ್ದರು. ಆ ಕುರ್ಚಿ ಅಮೆರಿಕದವರಿಗೆ, ಐಎಂಎಫ್ ಯುರೋಪಿನವರಿಗೆ ಎಂಬುದು 1940ರ ದಶಕದಿಂದ ಬಂದ, ಎಲ್ಲೂ ಬರೆದಿಡದ ಕರಾರು. ನಿಜವಾದ ಪೈಪೋಟಿ ನಡೆದದ್ದು ಅದೇ ಮೊದಲು. ಅರ್ಹತೆಯಲ್ಲಿ ಅವರೇ ಮುಂದು ಎಂದು ಪಾಶ್ಚಾತ್ಯ ಪತ್ರಿಕೆಗಳೇ ಬರೆದವು. ಗೆದ್ದದ್ದು ಅಮೆರಿಕದ ಅಭ್ಯರ್ಥಿ ಜಿಮ್ ಯಾಂಗ್ ಕಿಮ್.

ಎರಡು ಸರದಿಯ ಜಮಾಖರ್ಚು ನೋಡಿದರೆ ಎಲ್ಲವೂ ಬೆಳಕಲ್ಲ. ತೈಲದ ಹೆಚ್ಚುವರಿ ಖಾತೆಯಲ್ಲಿ 2008ರ ಹೊತ್ತಿಗೆ ಸುಮಾರು 2,000 ಕೋಟಿ ಡಾಲರ್ ಇತ್ತು. 2015ರಲ್ಲಿ ಅವರು ಖಾತೆ ಬಿಟ್ಟುಕೊಟ್ಟಾಗ ಉಳಿದದ್ದು 200 ಕೋಟಿಯ ಆಸುಪಾಸು. ದೊಡ್ಡ ಪಾಲು ಅವರು ಬರುವ ಮೊದಲೇ ಕರಗಿತ್ತು, ಆಮೇಲೂ ಹಂಚಿಕೊಳ್ಳಬೇಕೆಂದು ಪಟ್ಟುಹಿಡಿದವರು ರಾಜ್ಯಪಾಲರು. ಆದರೆ ಸರ್ಕಾರಿ ತೈಲ ಕಂಪನಿಯಿಂದ 2,000 ಕೋಟಿ ಡಾಲರ್ ಖಜಾನೆಗೆ ಬಂದಿಲ್ಲ ಎಂದ ಕೇಂದ್ರ ಬ್ಯಾಂಕ್ ಗವರ್ನರ್ ಲಮಿಡೊ ಸನುಸಿ 2014ರಲ್ಲಿ ಅಮಾನತಾದಾಗ, ಲೆಕ್ಕಪರಿಶೋಧನೆ ಆಗಲಿ ಎಂದ ಇವರು ಸಂಪುಟದಲ್ಲೇ ಉಳಿದರು. ಅದನ್ನು ಅಲ್ಲಿನ ಯುವಜನ ಇವತ್ತಿಗೂ ಮರೆತಿಲ್ಲ.

ಜಿನೀವಾದ ಕುರ್ಚಿಯೂ ಸುಮ್ಮನೆ ಸಿಗಲಿಲ್ಲ. 2020ರ ಅಕ್ಟೋಬರಿನಲ್ಲಿ ಬಹುತೇಕ ದೇಶಗಳು ಒಪ್ಪಿದರೂ ಟ್ರಂಪ್ ಸರ್ಕಾರ ಅಡ್ಡ ನಿಂತಿತು. ವಾಷಿಂಗ್ಟನ್ನಿನಲ್ಲಿ ಸರ್ಕಾರ ಬದಲಾದ ಮೇಲೆ, 2021ರ ಮಾರ್ಚ್ 1ರಂದು ಅವರು ಅಧಿಕಾರ ವಹಿಸಿಕೊಂಡರು. ಅಲ್ಲಿ ಆ ಹುದ್ದೆಗೆ ಬಂದ ಮೊದಲ ಮಹಿಳೆ, ಮೊದಲ ಆಫ್ರಿಕನ್. ಕೋವಿಡ್ ಲಸಿಕೆಯ ಪೇಟೆಂಟ್ ಸಡಿಲಿಸಿ ಎಂದು ಭಾರತ ಮತ್ತು ದಕ್ಷಿಣ ಆಫ್ರಿಕಾ ಇಟ್ಟ ಬೇಡಿಕೆ 2022ರ ಜೂನ್‌ನಲ್ಲಿ ಅರ್ಧಂಬರ್ಧವಾಗಿ ಈಡೇರಿತು. ಮೀನುಗಾರಿಕೆ ಸಬ್ಸಿಡಿ ಒಪ್ಪಂದ 2025ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಅದರ ಮುಂದಿನ ಹಂತದ ಮಾತುಕತೆಯಲ್ಲಿ ಭಾರತ 25 ವರ್ಷದ ಕಾಲಾವಕಾಶ ಕೇಳುತ್ತಿದೆ, ಮಲ್ಪೆ, ಮಂಗಳೂರಿನ ದೋಣಿಗಳಿಗೆ ಸಿಗುವ ಡೀಸೆಲ್ ರಿಯಾಯಿತಿಯಂಥವು ಈ ವಾಗ್ವಾದದ ಒಳಗೇ ಬರುತ್ತವೆ. ಒಪ್ಪಂದ ಜಾರಿಯಾದ ತಿಂಗಳಲ್ಲೇ ಎನ್ಗೋಜಿ ಅವರ ಎರಡನೇ ಅವಧಿ ಶುರುವಾಯಿತು.

ನೈಜೀರಿಯಾದ ಹೊರಸಾಲ 2023ರ ಕೊನೆಗೆ ಮತ್ತೆ 4,200 ಕೋಟಿ ಡಾಲರ್ ದಾಟಿತು, ಅಂದರೆ 2005ಕ್ಕಿಂತ ಹೆಚ್ಚು. ಈಗಿನ ಸಾಲ ಪ್ಯಾರಿಸ್ಸಿನ ಒಂದು ಕೋಣೆಯಲ್ಲಿ ಇತ್ಯರ್ಥವಾಗುವಂಥದ್ದಲ್ಲ. ಅದರಲ್ಲಿ ವಿಶ್ವ ಬ್ಯಾಂಕಿನ ಪಾಲಿದೆ, ಚೀನಾದ ಎಕ್ಸಿಮ್ ಬ್ಯಾಂಕಿದೆ, ಯೂರೋಬಾಂಡ್, ಅಂದರೆ ವಿದೇಶಿ ಮಾರುಕಟ್ಟೆಯಲ್ಲಿ ಮಾರಿದ ಸಾಲಪತ್ರ, ಕೊಂಡ ಹೂಡಿಕೆದಾರರಿದ್ದಾರೆ. 2020ರ ನವೆಂಬರಿನಲ್ಲಿ ಕಂತು ತಪ್ಪಿಸಿದ ಜಾಂಬಿಯಾಕ್ಕೆ ಸರ್ಕಾರಿ ಸಾಲಿಗರ ಜೊತೆಗಿನ ರಾಜಿಗೇ ಎರಡೂವರೆ ವರ್ಷ ಹಿಡಿಯಿತು, ಬಾಂಡ್ ಹಿಡಿದವರ ಜೊತೆಗಿನದು ಮುಗಿಯುವಾಗ 2024 ಬಂದಿತ್ತು.