ಕಸ್ಟಮರ್ ಕೇರ್ ಚೆನ್ನಾಗಿರುವ ಕ್ರೆಡಿಟ್ ಕಾರ್ಡ್ ಯಾವುದು ಅಂತ ಮೊದಲೇ ತಿಳಿಯೋದು ಹೇಗೆ?

ಓದುಗರ ಪ್ರಶ್ನೆ: ತಿಪಟೂರಿನಲ್ಲಿ ನನ್ನದೊಂದು ಸಣ್ಣ ಹಾರ್ಡ್‌ವೇರ್ ಅಂಗಡಿ ಇದೆ. ಎರಡು ಬ್ಯಾಂಕಿನವರು ಕ್ರೆಡಿಟ್ ಕಾರ್ಡ್ ಕೊಡುತ್ತೇವೆ ಅಂತ ಬೆನ್ನು ಬಿದ್ದಿದ್ದಾರೆ. ಎರಡರ ಆಫರೂ, ಖರ್ಚು ಮಾಡಿದ್ದಕ್ಕೆ ಸಿಗುವ ಪಾಯಿಂಟೂ ಹೆಚ್ಚುಕಮ್ಮಿ ಒಂದೇ. ನನ್ನ ತಮ್ಮ ಮಾತ್ರ "ಪಾಯಿಂಟ್ ನೋಡಬೇಡ, ತೊಂದರೆ ಆದಾಗ ಫೋನ್ ಎತ್ತುತ್ತಾರಾ ನೋಡು" ಎನ್ನುತ್ತಾನೆ. ಕಾರ್ಡ್ ತಗೊಳ್ಳುವ ಮುಂಚೆ ಅದನ್ನು ತಿಳಿಯೋದು ಹೇಗೆ?

ಉತ್ತರ: ನಿಮ್ಮ ತಮ್ಮ ಸರಿಯಾಗಿ ಹೇಳಿದ್ದಾರೆ. ತಿಳಿಯೋದಕ್ಕೆ ದಾರಿಯೂ ಇದೆ. ಆದರೆ ಕಾರ್ಡ್ ಮಾರಲು ಬಂದವರನ್ನು ಕೇಳಿ ಪ್ರಯೋಜನ ಇಲ್ಲ. ಮಾರುವವರು ಬೇರೆ, ನಾಳೆ ನಿಮ್ಮ ದೂರು ಕೇಳುವವರು ಬೇರೆ.

ನನಗೆ ಆದದ್ದನ್ನು ಮೊದಲು ಹೇಳುತ್ತೇನೆ. ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಅಂಗಡಿ ಮುಂದೆ ಟೇಬಲ್ ಹಾಕಿಕೊಂಡು ಕೂತಿದ್ದ ಹುಡುಗನ ಹತ್ತಿರ ಕಾರ್ಡ್ ತಗೊಂಡೆ. ಜೀವನ ಪೂರ್ತಿ ಫ್ರೀ, ಶುಲ್ಕವೇ ಇಲ್ಲ ಎಂದಿದ್ದ. ಒಂದು ವರ್ಷ ಕಳೆದ ಮೇಲೆ ಬಿಲ್ಲಿನಲ್ಲಿ 499 ರೂಪಾಯಿ ವಾರ್ಷಿಕ ಶುಲ್ಕ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 588 ರೂಪಾಯಿ 82 ಪೈಸೆ. ದೊಡ್ಡ ಮೊತ್ತ ಅಲ್ಲ, ಆದರೆ ಕೊಡಬೇಕಾದ ದುಡ್ಡೂ ಅಲ್ಲ. ಆಗ ದಿನಾ ಬೆಳಿಗ್ಗೆ ರೈಲಿನಲ್ಲಿ ಯಶವಂತಪುರಕ್ಕೆ ಹೋಗುತ್ತಿದ್ದೆ, ಆ ಹೊತ್ತಿನಲ್ಲೇ ಫೋನ್ ಮಾಡುತ್ತಿದ್ದೆ. ಹಿರೇಹಳ್ಳಿಯಲ್ಲಿ ಶುರು ಮಾಡಿದ ಕರೆ, ಅದನ್ನು ಒತ್ತಿ ಇದನ್ನು ಒತ್ತಿ ಅಂತ ಕೇಳಿ, ಕಾರ್ಡ್ ನಂಬರ್ ಹಾಕಿ, ಮ್ಯೂಸಿಕ್ ಕೇಳುತ್ತಾ ಕೂತು, ಕೊನೆಗೆ ಒಬ್ಬ ಮನುಷ್ಯ ಸಿಕ್ಕಿ ಕಥೆ ಹೇಳಿ ಮುಗಿಸುವ ಹೊತ್ತಿಗೆ ದಾಬಸ್‌ಪೇಟೆ ದಾಟಿ ಸಿಗ್ನಲ್ ಹೋಗಿರುತ್ತಿತ್ತು. ಮಾರನೇ ದಿನ ಮತ್ತೆ ಮೊದಲಿಂದ. ಮೂರು ವಾರದಲ್ಲಿ ಐದು ಕರೆ. ಪ್ರತಿ ಸಲ ಹೊಸಬರು, ಪ್ರತಿ ಸಲ ಅದೇ ಕಥೆ. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು. ಒಬ್ಬರೂ ದೂರಿನ ನಂಬರ್ ಕೊಡಲಿಲ್ಲ.

ಆ ಐದು ಕರೆಯಿಂದ ನನಗೆ ಗೊತ್ತಾಗಿದ್ದು ಇಷ್ಟು: ಸರ್ ಸರ್ ಅನ್ನುವ ಸಿಹಿ ದನಿಗೆ ಬೆಲೆ ಕಟ್ಟಬೇಡಿ. ದೂರು ದಾಖಲಾಯಿತಾ, ನಂಬರ್ ಬಂತಾ, ಮುಂದಿನ ಸಲ ಫೋನ್ ಎತ್ತಿದವರಿಗೆ ಹಳೆಯ ಮಾತು ಕಾಣಿಸುತ್ತದಾ, ಅದನ್ನು ನೋಡಿ. ಕಾರ್ಡ್ ತಗೊಳ್ಳುವ ಮುಂಚೆಯೇ ಇದನ್ನು ಪರೀಕ್ಷೆ ಮಾಡಬಹುದು.

ಹೇಗೆ ಅಂದರೆ, ಆ ಎರಡೂ ಬ್ಯಾಂಕಿನ ಕಾರ್ಡ್ ಈಗಾಗಲೇ ಇಟ್ಟುಕೊಂಡಿರುವ ಪರಿಚಯದವರು ನಿಮ್ಮ ಬೀದಿಯಲ್ಲೇ ಸಿಗುತ್ತಾರೆ. ಒಂದು ಭಾನುವಾರ ರಾತ್ರಿ ಒಂಬತ್ತರ ಸುಮಾರಿಗೆ ಅವರ ಪಕ್ಕ ಕೂತು, ಅವರ ಕೈಯಲ್ಲೇ ಕರೆ ಮಾಡಿಸಿ. ಮನುಷ್ಯರು ಮಾತಿಗೆ ಸಿಗಲು ಎಷ್ಟು ನಿಮಿಷ ಹಿಡಿಯಿತು ಅಂತ ಗಡಿಯಾರ ನೋಡಿ. ಆಮೇಲೆ ಒಂದು ಪ್ರಶ್ನೆ ಕೇಳಿಸಿ: "ನನ್ನ ಬಿಲ್ಲಿಂಗ್ ಸೈಕಲ್ ಬದಲಾಯಿಸಿ ಕೊಡ್ತೀರಾ?" ಬಿಲ್ಲಿಂಗ್ ಸೈಕಲ್ ಅಂದರೆ ತಿಂಗಳಿನ ಯಾವ ದಿನದಿಂದ ಯಾವ ದಿನದ ತನಕದ ಖರ್ಚು ಒಂದು ಬಿಲ್ಲಿಗೆ ಸೇರುತ್ತದೆ ಅನ್ನೋ ಲೆಕ್ಕ. ಈ ಪ್ರಶ್ನೆ ಸುಮ್ನೆ ಕೇಳೋದಲ್ಲ. ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಕಾರ್ಡ್ ಕೊಟ್ಟವರು ಕಡೇಪಕ್ಷ ಒಂದು ಸಲವಾದರೂ ಈ ಅವಕಾಶ ಕೊಡಲೇಬೇಕು. ಗೊತ್ತಿರುವವರು ತಕ್ಷಣ ಹೌದು ಎಂದು ದಾರಿ ಹೇಳುತ್ತಾರೆ. "ಅದೆಲ್ಲ ಆಗಲ್ಲ" ಎಂದರೆ, ಅಥವಾ ಮೂರು ಜನಕ್ಕೆ ಲೈನ್ ಬದಲಾಯಿಸಿದರೆ, ಅಲ್ಲಿನ ತರಬೇತಿ ಎಷ್ಟು ಅಂತ ನಿಮಗೆ ಗೊತ್ತಾಯಿತು. ಅಂದ ಹಾಗೆ ಈ ಸೌಲಭ್ಯ ನಿಮಗೂ ಬೇಕಾಗುತ್ತದೆ. ನಿಮ್ಮ ಗಿರಾಕಿಗಳು ಕೊಬ್ಬರಿ ಮಾರಿದ ಮೇಲೆ ತಾನೇ ಬಾಕಿ ತೀರಿಸೋದು? ಅಂಗಡಿಗೆ ದುಡ್ಡು ಬರುವ ದಿನಕ್ಕೂ ಬಿಲ್ ಕಟ್ಟುವ ದಿನಕ್ಕೂ ಹೊಂದಿಕೆ ಆದರೆ ತಲೆನೋವು ಅರ್ಧ ಇಳಿಯುತ್ತದೆ.

ಅದೇ ಕರೆಯಲ್ಲಿ ಕನ್ನಡವನ್ನೂ ನೋಡಿಬಿಡಿ. ಮೆನುವಿನಲ್ಲಿ ಕನ್ನಡ ಇರೋದು ಒಂದು, ಕನ್ನಡ ಒತ್ತಿದ ಮೇಲೆ ಆ ಕಡೆಯಿಂದ ನಿಜವಾಗಿ ಕನ್ನಡ ಮಾತಾಡುವವರು ಸಿಗೋದು ಇನ್ನೊಂದು. ನೀವು ಹೇಗೋ ಸಂಭಾಳಿಸುತ್ತೀರಿ. ಆದರೆ ಮನೆಯವರ ಹೆಸರಿನಲ್ಲಿ ಆಡ್-ಆನ್ ಕಾರ್ಡ್ (ನಿಮ್ಮ ಖಾತೆಗೇ ಸೇರಿದ ಇನ್ನೊಂದು ಕಾರ್ಡ್) ತಗೊಂಡರೆ, ಅದು ಸಂತೆಯಲ್ಲಿ ಕಳೆದುಹೋದರೆ, ಗಾಬರಿಯಲ್ಲಿ ಫೋನ್ ಮಾಡುವವರು ಅವರು. ಹೆದರಿದ ಹೊತ್ತಿನಲ್ಲಿ ಯಾರಿಗೂ ಇಂಗ್ಲಿಷ್, ಹಿಂದಿ ಬಾಯಿಗೆ ಬರೋದಿಲ್ಲ. ಇದನ್ನು ನಾನು ತುಂಬ ಮುಖ್ಯ ಅಂತ ಎಣಿಸುತ್ತೇನೆ.

ಇನ್ನು ಎರಡನೇ ದಾರಿ. ಇದಕ್ಕೆ ಸ್ವಲ್ಪ ತಾಳ್ಮೆ ಬೇಕು, ಆದರೆ ಇದರಷ್ಟು ಗಟ್ಟಿ ಸಾಕ್ಷಿ ಬೇರೆ ಸಿಗೋದಿಲ್ಲ. 2021ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಒಂದು ಆದೇಶ ಹೊರಡಿಸಿತು. ಅದರಂತೆ ಬ್ಯಾಂಕುಗಳು ತಮಗೆ ಬಂದ ದೂರಿನ ಲೆಕ್ಕವನ್ನು ವಾರ್ಷಿಕ ವರದಿಯಲ್ಲಿ ಅಚ್ಚು ಹಾಕಬೇಕು. ಅತಿ ಹೆಚ್ಚು ದೂರು ಬಂದ ಐದು ವಿಷಯ ಯಾವುವು, ಒಂದೊಂದರಲ್ಲಿ ವರ್ಷದಲ್ಲಿ ಎಷ್ಟು ದೂರು ಬಂದವು, ಹಿಂದಿನ ವರ್ಷಕ್ಕಿಂತ ಏರಿತಾ ಇಳಿಯಿತಾ, ವರ್ಷದ ಕೊನೆಗೆ ಎಷ್ಟು ಬಾಕಿ, ಆ ಬಾಕಿಯಲ್ಲಿ 30 ದಿನ ದಾಟಿದ್ದು ಎಷ್ಟು, ಎಲ್ಲ ಒಂದು ಪಟ್ಟಿಯಲ್ಲಿ ಇರುತ್ತದೆ. ಬ್ಯಾಂಕಿನ ವೆಬ್‌ಸೈಟಿನಿಂದ ವರದಿ ಡೌನ್‌ಲೋಡ್ ಮಾಡಿ, 'ಕಂಪ್ಲೇಂಟ್ಸ್' ಅಂತ ಹುಡುಕಿ. ಕ್ರೆಡಿಟ್ ಕಾರ್ಡ್ ಎಂಬ ಸಾಲು ಆ ಐದರಲ್ಲಿ ಇದೆಯಾ ನೋಡಿ.

ದೂರಿನ ಸಂಖ್ಯೆ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ದೊಡ್ಡ ಬ್ಯಾಂಕಿಗೆ ದೂರು ಜಾಸ್ತಿ ಬಂದೇ ಬರುತ್ತದೆ. ಯಾವ ಬ್ಯಾಂಕು ಎಷ್ಟು ಕ್ರೆಡಿಟ್ ಕಾರ್ಡ್ ಕೊಟ್ಟಿದೆ ಅಂತ ರಿಸರ್ವ್ ಬ್ಯಾಂಕ್ ಪ್ರತಿ ತಿಂಗಳು ಪ್ರಕಟಿಸುತ್ತದೆ, ಅದರಿಂದ ಭಾಗಿಸಿ. ಸುಮ್ನೆ ಒಂದು ಲೆಕ್ಕ ಇಟ್ಟುಕೊಳ್ಳೋಣ: ಒಂದು ಬ್ಯಾಂಕಿನದು 10 ಲಕ್ಷ ಕಾರ್ಡ್, 5,000 ದೂರು. ಇನ್ನೊಂದರದು 1 ಕೋಟಿ ಕಾರ್ಡ್, 20,000 ದೂರು. ಮೇಲ್ನೋಟಕ್ಕೆ ಎರಡನೆಯದೇ ಕೆಟ್ಟದ್ದು ಅನಿಸುತ್ತದೆ. ಲಕ್ಷ ಕಾರ್ಡಿಗೆ ಎಷ್ಟು ಅಂತ ನೋಡಿದರೆ ಮೊದಲನೆಯದರಲ್ಲಿ 500, ಎರಡನೆಯದರಲ್ಲಿ 200. ಇದರಲ್ಲೂ ಒಂದು ಸೂಕ್ಷ್ಮ ಇದೆ. ದೂರು ಕೊಡುವುದನ್ನು ಸುಲಭ ಮಾಡಿದ ಬ್ಯಾಂಕಿಗೆ ದೂರು ಜಾಸ್ತಿ ಬರಬಹುದು, ನನ್ನ ಐದು ಕರೆಯ ಹಾಗೆ ದಾಖಲೆಯೇ ಆಗದಿದ್ದರೆ ಲೆಕ್ಕ ಚಂದ ಕಾಣಬಹುದು. ಅದಕ್ಕೇ ನನ್ನ ಕಣ್ಣು ಮೊದಲು ಹೋಗೋದು ಕೊನೆಯ ಕಾಲಮ್ಮಿಗೆ, ಅಂದರೆ 30 ದಿನ ದಾಟಿ ಬಾಕಿ ಉಳಿದವು. ಒಂದೇ ವರ್ಷದ್ದಲ್ಲ, ಎರಡು ಮೂರು ವರ್ಷದ ವರದಿ ಪಕ್ಕಪಕ್ಕ ಇಟ್ಟು ನೋಡಿ. ಆ ಅಂಕಿ ವರ್ಷ ವರ್ಷ ಏರುತ್ತಿದ್ದರೆ ಆ ಬ್ಯಾಂಕಿನ ಕಾರ್ಡ್ ನಾನು ತಗೊಳ್ಳೋದಿಲ್ಲ.

ಅರ್ಜಿಗೆ ಸಹಿ ಹಾಕುವ ಮುಂಚೆ ಕಾರ್ಡ್ ಕೊಡುತ್ತಿರುವವರು ನಿಜಕ್ಕೂ ಯಾರು ಅಂತಲೂ ಕೇಳಿ. ಎಸ್‌ಬಿಐ ಕಾರ್ಡ್ ಸ್ಟೇಟ್ ಬ್ಯಾಂಕ್ ಅಲ್ಲ, ಅದು ಬೇರೆಯೇ ಕಂಪನಿ. ಶಾಪಿಂಗ್ ಆ್ಯಪ್, ಪೆಟ್ರೋಲ್ ಕಂಪನಿ ಹೆಸರಿನ ಕಾರ್ಡುಗಳ ಹಿಂದೆಯೂ ಒಂದು ಬ್ಯಾಂಕ್ ಅಥವಾ ಇಂಥ ಕಾರ್ಡ್ ಕಂಪನಿ ಇರುತ್ತದೆ, ಜವಾಬ್ದಾರಿ ಅವರದು. ನಮ್ಮ ಕಡೆ ಬ್ಯಾಂಕ್ ಅಂದರೆ ಶಾಖೆ, ಶಾಖೆ ಅಂದರೆ ಮ್ಯಾನೇಜರ್ ಅಂತ ನಂಬಿಕೆ. ಠೇವಣಿಗೆ, ಸಾಲಕ್ಕೆ ಅದು ಸರಿ. ಆದರೆ ಕಾರ್ಡಿನ ಕೆಲಸ ಹೆಚ್ಚಿನದು ನಡೆಯೋದು ಬೇರೆ ಊರಿನ ಕೇಂದ್ರದಲ್ಲಿ. ತಿಪಟೂರಿನ ಶಾಖೆಗೆ ಹೋಗಿ "ಕಾರ್ಡಿನ ದೂರು ಇಲ್ಲಿ ಬರೆದುಕೊಳ್ತೀರಾ" ಅಂತ ಒಂದು ಮಾತು ಕೇಳಿಕೊಂಡು ಬನ್ನಿ.

ಈಗ ನಿಜವಾದ ದುಡ್ಡಿನ ವಿಷಯ. ನೀವು ಮಾಡದ ಖರ್ಚು ರಾತ್ರಿ ಹನ್ನೊಂದಕ್ಕೆ ಕಾರ್ಡಿನಲ್ಲಿ ಬಿತ್ತು ಅಂತ ಇಟ್ಟುಕೊಳ್ಳಿ. 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮ ಹೇಳುವಂತೆ, ನಿಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಮೂರನೆಯವರಿಂದ ಆದ ಮೋಸವನ್ನು ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟದ ಹೊರೆ ನಿಮ್ಮ ಮೇಲೆ ಇಲ್ಲ. ನಾಲ್ಕರಿಂದ ಏಳನೇ ದಿನಕ್ಕೆ ಹೋದರೆ ಸ್ವಲ್ಪ ಪಾಲು ನಿಮ್ಮದು. ನೀವು ತಿಳಿಸಿದ ಹತ್ತು ಕೆಲಸದ ದಿನದಲ್ಲಿ ಆ ಮೊತ್ತವನ್ನು ತಾತ್ಕಾಲಿಕವಾಗಿ ನಿಮ್ಮ ಖಾತೆಗೆ ಹಾಕಬೇಕು. ಒಂದು ವೇಳೆ ನೀವೇ ಮೋಸ ಹೋಗಿ ಒಟಿಪಿ ಹೇಳಿಬಿಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕದ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ಅಂದರೆ ನೀವು ಮ್ಯೂಸಿಕ್ ಕೇಳುತ್ತಾ ಕಾಯುವ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಆದ್ದರಿಂದ ಆ ಭಾನುವಾರದ ಪರೀಕ್ಷೆಯಲ್ಲಿ ಇದನ್ನೂ ಗಮನಿಸಿ: ಕಾರ್ಡ್ ಬ್ಲಾಕ್ ಮಾಡುವ ಆಯ್ಕೆ ಮೆನುವಿನಲ್ಲಿ ಮೊದಲೇ ಬರುತ್ತದಾ, ಇಲ್ಲಾ ಹೊಸ ಸಾಲದ ಜಾಹೀರಾತು ಕೇಳಿದ ಮೇಲೆ ಬರುತ್ತದಾ? ಆ್ಯಪಿನಲ್ಲಿ ಒಂದೇ ಒತ್ತಿಗೆ ಬ್ಲಾಕ್ ಆಗುತ್ತದಾ? ಬ್ಲಾಕ್ ಆದ ಕೂಡಲೇ ನಂಬರ್ ಸಮೇತ ಮೆಸೇಜ್ ಬರುತ್ತದಾ? ದುಡ್ಡು ಹೋಗಿದ್ದರೆ ಬ್ಯಾಂಕಿನ ಜೊತೆಗೆ 1930ಕ್ಕೂ ಕರೆ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

ದಯವಿಟ್ಟು ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಬ್ಯಾಂಕಿನ ಹೆಸರಿನಲ್ಲಿ ಕಳ್ಳರು ಹಾಕಿದ ನಂಬರೇ ಮೇಲೆ ಬರಬಹುದು. ಕಾರ್ಡಿನ ಹಿಂಬದಿಯ ನಂಬರನ್ನು ಕಾರ್ಡ್ ಬಂದ ದಿನವೇ ಮೊಬೈಲಿನಲ್ಲಿ ಸೇವ್ ಮಾಡಿ, ಮನೆಯವರ ಮೊಬೈಲಿನಲ್ಲೂ ಮಾಡಿ. ಕಾರ್ಡ್ ಕಳೆದಾಗ ನಂಬರೂ ಅದರ ಜೊತೆಗೇ ಹೋಗಿರುತ್ತದೆ ಅಲ್ವಾ?

ತಗೊಳ್ಳುವ ಮುಂಚೆಯೇ ಬಿಡುವ ದಾರಿಯನ್ನೂ ಕೇಳಿಟ್ಟುಕೊಳ್ಳಿ. 2022ರ ನಿಯಮದಂತೆ, ಬಾಕಿ ಇಲ್ಲದ ಕಾರ್ಡನ್ನು ಮುಚ್ಚಿ ಅಂತ ಕೇಳಿದರೆ ಏಳು ಕೆಲಸದ ದಿನದಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು. ಅಂಚೆಯಲ್ಲೇ ಪತ್ರ ಕಳಿಸಿ ಅಂತ ಒತ್ತಾಯ ಮಾಡುವ ಹಾಗಿಲ್ಲ. ಮುಚ್ಚುವ ಲಿಂಕು ವೆಬ್‌ಸೈಟಿನಲ್ಲಿ ಸುಲಭಕ್ಕೆ ಕಾಣುವಂತೆ ಇಟ್ಟಿದ್ದಾರಾ ಅಂತ ನೋಡಿ. ಹೋಗುವವರನ್ನು ಮರ್ಯಾದೆಯಿಂದ ಕಳಿಸುವ ಕಡೆ ಇರುವವರನ್ನೂ ಚೆನ್ನಾಗಿ ನೋಡಿಕೊಳ್ಳುತ್ತಾರೆ ಅನ್ನೋದು ನನ್ನ ಅನುಭವ.

ಇಷ್ಟೆಲ್ಲ ನೋಡಿ ತಗೊಂಡರೂ ತೊಂದರೆ ಆಗಬಹುದು. ಆಗ ಫೋನಿನಲ್ಲೇ ಉಳಿಯಬೇಡಿ. ಒಂದು ಸಲ ಕರೆ ಮಾಡಿ, ದೂರಿನ ನಂಬರ್ ಕೇಳಿ, ಅದೇ ದಿನ ಇಮೇಲ್‌ನಲ್ಲಿ ಬರೆಯಿರಿ. ತಕರಾರಿನ ಮೊತ್ತ ಬಿಟ್ಟು ಉಳಿದ ಬಿಲ್ಲನ್ನು ಗಡುವಿನೊಳಗೆ ಕಟ್ಟಿಬಿಡಿ, ಕೋಪದಲ್ಲಿ ಪೂರ್ತಿ ನಿಲ್ಲಿಸಿದರೆ ಬಡ್ಡಿ ನಿಮ್ಮ ತಲೆಗೇ ಬರುತ್ತದೆ. ನನ್ನ 588 ರೂಪಾಯಿ 82 ಪೈಸೆ ವಾಪಸ್ ಬಂದಿದ್ದು ಹೀಗೆಯೇ. ಐದು ಕರೆಯಲ್ಲಿ ಆಗದ ಕೆಲಸ, ಬ್ಯಾಂಕಿನ ಕುಂದುಕೊರತೆ ಅಧಿಕಾರಿಗೆ ಬರೆದ ಎಂಟು ಸಾಲಿನ ಇಮೇಲ್‌ನಿಂದ ಒಂಬತ್ತನೇ ದಿನಕ್ಕೆ ಆಯಿತು. ಕಾರ್ಡ್ ಕೊಡುವಾಗ "ಶುಲ್ಕ ಇಲ್ಲ" ಅಂತ ಬಂದಿದ್ದ ಮೆಸೇಜಿನ ಫೋಟೋ ಲಗತ್ತಿಸಿದ್ದೆ. ಅದನ್ನು ಅಳಿಸದೆ ಇಟ್ಟಿದ್ದು ಕೆಲಸಕ್ಕೆ ಬಂತು.

30 ದಿನದಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆ ಆಗದಿದ್ದರೆ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ, ಇದ್ದಾರೆ. ಖರ್ಚಿಲ್ಲ, ವಕೀಲರೂ ಬೇಡ. 2021ರ ನವೆಂಬರ್‌ನಿಂದ ಇಡೀ ದೇಶಕ್ಕೆ ಒಂದೇ ವ್ಯವಸ್ಥೆ. ಆನ್‌ಲೈನ್‌ನಲ್ಲಿ ಸಿಎಂಎಸ್ ಪೋರ್ಟಲ್‌ನಲ್ಲಿ, ಅಂದರೆ ರಿಸರ್ವ್ ಬ್ಯಾಂಕಿನ ದೂರಿನ ವೆಬ್‌ಸೈಟಿನಲ್ಲಿ, ದೂರು ಹಾಕಬಹುದು. ಆಗದಿದ್ದರೆ ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕಿನ ಕೇಂದ್ರಕ್ಕೆ ಅಂಚೆಯಲ್ಲಿ ಕಳಿಸಬಹುದು. ಯಾವ ಭಾಷೆಯ ದೂರನ್ನಾದರೂ ತಗೊಳ್ಳಲೆಂದೇ ಆ ಕೇಂದ್ರ ಮಾಡಿದ್ದು, ಆದ್ದರಿಂದ ಕನ್ನಡದಲ್ಲೇ ಬರೆಯಿರಿ. ಮಾಹಿತಿ ಬೇಕಿದ್ದರೆ 14448ಕ್ಕೆ ಕರೆ ಮಾಡಿ, ಅಲ್ಲಿ ಕನ್ನಡವೂ ಇದೆ.

ಈಗ ನಿಮ್ಮ ಎರಡು ಬ್ಯಾಂಕಿಗೆ ಬರೋಣ. ಪರೀಕ್ಷೆ ಮಾಡಿದ ಮೇಲೂ ಎರಡೂ ಸಮ ಅನಿಸಿದರೆ, ರಾತ್ರಿ ಹೊತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ಬ್ಯಾಂಕನ್ನೇ ಆರಿಸಿ, ಪಾಯಿಂಟ್ ಸ್ವಲ್ಪ ಕಮ್ಮಿ ಇದ್ದರೂ ಪರವಾಗಿಲ್ಲ. ಎರಡನ್ನೂ ಒಟ್ಟಿಗೆ ತಗೊಳ್ಳಬೇಡಿ. ಮೊದಲ ಮೂರು ತಿಂಗಳು ಅಂಗಡಿಯ ಸಿಮೆಂಟು, ಪೈಪು ಅದರ ಮೇಲೆ ಹಾಕದೆ ಬರೀ ಪೆಟ್ರೋಲ್, ಕರೆಂಟ್ ಬಿಲ್ ಹಾಕಿ. ನಡುವೆ ಒಂದು ಸಲ ಬೇಕೆಂದೇ ಫೋನ್ ಮಾಡಿ, ಏನಾದರೊಂದು ಕೇಳಿ ನೋಡಿ. ನಂಬರ್ ಬರುತ್ತದಾ ಅಂತ ಕಾಯಿರಿ.