ಬೀಗ ಹಾಕಿ ಬಂದರೂ ಕೆಡದ ದೋಣಿ: ಕೆಲವು ತಿಂಗಳ ಕಡಲವಾಸಕ್ಕೆ ಹಾಯಿದೋಣಿಯ ಆಯ್ಕೆ

ವರ್ಷವಿಡೀ ದೋಣಿಯಲ್ಲೇ ಬದುಕುವವರ ಅಗತ್ಯ ಬೇರೆ, ಕೆಲವು ತಿಂಗಳು ಇದ್ದು ಮನೆಗೆ ಮರಳುವವರ ಅಗತ್ಯ ಬೇರೆ. ಎರಡನೆಯವರ ದೋಣಿ ವರ್ಷದ ಹೆಚ್ಚಿನ ಕಾಲ ಬೀಗ ಹಾಕಿಸಿಕೊಂಡು ಒಂಟಿಯಾಗಿ ನಿಂತಿರುತ್ತದೆ. ಹಾಗಾಗಿ ನಾವಿದ್ದಾಗ ಅದು ಎಷ್ಟು ಹಿತವಾಗಿರುತ್ತದೆ ಎಂದು ಕೇಳುವ ಮೊದಲು, ನಾವಿಲ್ಲದಾಗ ಅದರ ಗತಿ ಏನು ಎಂದು ಕೇಳಬೇಕು. ಈ ಟಿಪ್ಪಣಿಯುದ್ದಕ್ಕೂ ನಾನು ಹಿಡಿದಿರುವುದು ಇದೊಂದೇ ಪ್ರಶ್ನೆಯನ್ನು.

ಮಂಜೇಶ್ವರದಿಂದ ತೃಕ್ಕರಿಪುರದವರೆಗಿನ ನಮ್ಮ ಕಾಸರಗೋಡು ಕರಾವಳಿಯಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಜೂನ್ ಮೊದಲ ವಾರಕ್ಕೆ ಮುಂಗಾರು ಬಂದರೆ ಸೆಪ್ಟೆಂಬರ್‌ವರೆಗೆ ಹಾಯಿದೋಣಿಗೆ ಕಡಲಿನಲ್ಲಿ ಕೆಲಸವಿಲ್ಲ. ಕೇರಳದಲ್ಲಿ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನಗಳ ಟ್ರಾಲಿಂಗ್ ನಿಷೇಧವೂ ಇರುವುದರಿಂದ ಮೀನುಗಾರಿಕಾ ಬಂದರುಗಳಲ್ಲಿ ಟ್ರಾಲ್ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಅಲ್ಲಿ ನಮಗೂ ಒಂದು ಮೂಲೆ ಸಿಕ್ಕೀತು ಎಂದು ನಂಬಿ ಕೂರುವಂತಿಲ್ಲ. ಉಳಿಯುವ ದಾರಿ ಎರಡು: ದೋಣಿಯನ್ನು ನೆಲಕ್ಕೆ ಎತ್ತಿಸುವುದು, ಇಲ್ಲವೇ ಕೊಚ್ಚಿಯ ಬೋಳ್ಗಾಟ್ಟಿ ದ್ವೀಪದ ಮರೀನಾದಂತಹ ಮರೆಯ ಜಾಗಕ್ಕೆ ಒಯ್ಯುವುದು. ಕಾಸರಗೋಡಿನಿಂದ ಕೊಚ್ಚಿಗೆ ಸಮುದ್ರದಾರಿ ಸುಮಾರು 170 ನಾಟಿಕಲ್ ಮೈಲಿ. ಸರಾಸರಿ ಐದು ನಾಟ್, ಎಂದರೆ ಗಂಟೆಗೆ ಐದು ನಾಟಿಕಲ್ ಮೈಲಿ, ವೇಗ ಸಿಕ್ಕಿದರೆ 34 ಗಂಟೆ, ಅಂದರೆ ನಡುವೆ ಒಂದು ರಾತ್ರಿಯಾದರೂ ಕಡಲಿನಲ್ಲೇ ಕಳೆಯಬೇಕು. ಕೊಳ್ಳುವ ದೋಣಿ ಈ ಒಂದು ಪಯಣಕ್ಕೆ ಸಮರ್ಥವಾಗಿರಲೇಬೇಕು.

ಕೀಲ್ ಮತ್ತು ನೀರಿನ ಆಳ

ಒಡಲಿನ ಅಡಿಯಲ್ಲಿ ಇಳಿಬಿದ್ದಿರುವ, ಸೀಸ ಅಥವಾ ಕಬ್ಬಿಣದ ಭಾರವಿರುವ ಭಾಗವೇ ಕೀಲ್. ದೋಣಿ ಮಗುಚದಂತೆ ತಡೆಯುವುದೂ ಪಕ್ಕಕ್ಕೆ ಜಾರದಂತೆ ಹಿಡಿಯುವುದೂ ಅದೇ. 36 ಅಡಿಯ ದೋಣಿಗೆ ಮೀನಿನ ರೆಕ್ಕೆಯಂತೆ ಆಳಕ್ಕಿಳಿದ ಒಂಟಿ ಫಿನ್ ಕೀಲ್ ಇದ್ದರೆ ಐದೂವರೆ, ಆರು ಅಡಿ ನೀರು ಬೇಕು. ಚಂದ್ರಗಿರಿಯಾಗಲಿ ಶಿರಿಯಾ ಹೊಳೆಯಾಗಲಿ, ಅಳಿವೆಯಲ್ಲಿ ಮರಳಿನ ದಿಬ್ಬವಿದೆ, ಅದು ಪ್ರತಿ ಮಳೆಗಾಲದಲ್ಲೂ ಜಾಗ ಬದಲಿಸುತ್ತದೆ. ಅಂತಹ ಕಡೆ ಆಳದ ಕೀಲಿನ ದೋಣಿ ಹೊರಗೇ ಲಂಗರು ಹಾಕಬೇಕಾಗುತ್ತದೆ.

ನನಗೆ ಇಲ್ಲಿ ಜೋಡಿ ಕೀಲಿನ ದೋಣಿಯೇ ಮೇಲೆನಿಸುತ್ತದೆ. ಎಡಬಲಕ್ಕೆ ಒಂದೊಂದು ಗಿಡ್ಡ ಕೀಲ್ ಇರುವುದರಿಂದ ಮೂರೂವರೆ, ನಾಲ್ಕು ಅಡಿ ನೀರು ಸಾಕು. ಬ್ರಿಟನ್ನಿನ ಕೆಲವು ಬಂದರುಗಳಲ್ಲಿ ಇಳಿತದ ಹೊತ್ತಿಗೆ ನೀರೆಲ್ಲ ಬತ್ತಿ ಕೆಸರಷ್ಟೇ ಉಳಿಯುತ್ತದೆ. ಅಲ್ಲಿ ನೆಟ್ಟಗೆ ನಿಲ್ಲಲೆಂದೇ ಈ ವಿನ್ಯಾಸ ಬಳಕೆಗೆ ಬಂತು. ನೆಲಕ್ಕೆ ಎತ್ತಿಸಿದಾಗಲೂ ಅದು ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ, ಮಳೆಗಾಲದ ಗಾಳಿಗೆ ಆಸರೆಯ ಕಂಬ ಜಾರೀತೆಂಬ ಅಂಜಿಕೆ ಕಡಿಮೆ. ಇದರ ಕೊರತೆ ಎಂದರೆ ಎದುರುಗಾಳಿಗೆ ಫಿನ್ ಕೀಲಿನಷ್ಟು ಚುರುಕಾಗಿ ಏರುವುದಿಲ್ಲ. ನಮ್ಮಲ್ಲಿ ಬೇಸಗೆಯ ಮಧ್ಯಾಹ್ನಗಳಲ್ಲಿ ಕಡಲಗಾಳಿ ಪಡುವಣದಿಂದಲೋ ವಾಯವ್ಯದಿಂದಲೋ ಬೀಸುತ್ತದೆ. ತೆಂಕಣಕ್ಕೆ ಹೋಗುವಾಗ ಇದರಿಂದ ತೊಂದರೆಯಿಲ್ಲ, ಬಡಗಣಕ್ಕೆ ಮರಳುವಾಗ ಮಾತ್ರ ಹೊತ್ತು ಹೆಚ್ಚು ಹಿಡಿಯುತ್ತದೆ. ಬಿಡುವಿರುವ ಪಯಣಿಗರಿಗೆ ಇದು ದೊಡ್ಡ ನಷ್ಟವಲ್ಲ.

ಮಗುಚುವ ಲೆಕ್ಕ

1979ರಲ್ಲಿ ಬ್ರಿಟನ್ನಿನ ಫಾಸ್ಟ್‌ನೆಟ್ ಹಾಯಿದೋಣಿ ಪಂದ್ಯದಲ್ಲಿ ಬಿರುಗಾಳಿಗೆ ಸಿಕ್ಕಿ 15 ಸ್ಪರ್ಧಿಗಳು ಸತ್ತರು. ಆ ದುರಂತದ ಬಳಿಕ ಒಂದು ಸರಳ ಸೂತ್ರ ಬಳಕೆಗೆ ಬಂತು: ದೋಣಿಯ ತೂಕವನ್ನು ಪೌಂಡಿನಲ್ಲಿ ತೆಗೆದುಕೊಂಡು 64ರಿಂದ ಭಾಗಿಸಿ, ಬಂದದ್ದರ ಘನಮೂಲ ಕಂಡುಹಿಡಿಯಿರಿ. ದೋಣಿಯ ಅಗಲವನ್ನು ಅಡಿಯಲ್ಲಿ ಅಳೆದು, ಆ ಅಗಲವನ್ನು ಈ ಘನಮೂಲದಿಂದ ಭಾಗಿಸಿ. ಉತ್ತರ 2ಕ್ಕಿಂತ ಕಡಿಮೆ ಇದ್ದರೆ ತೆರೆದ ಕಡಲಿಗೆ ಒಪ್ಪುತ್ತದೆ.

8,000 ಪೌಂಡ್ ತೂಕ, 12 ಅಡಿ ಅಗಲದ ಹಗುರ ದೋಣಿಯನ್ನು ನೋಡೋಣ. 8,000ವನ್ನು 64ರಿಂದ ಭಾಗಿಸಿದರೆ 125, ಘನಮೂಲ 5. 12ನ್ನು 5ರಿಂದ ಭಾಗಿಸಿದರೆ 2.4. ಇದು ಹೊಳೆಗೂ ಕರೆಯಂಚಿಗೂ ಸರಿ, ರಾತ್ರಿಯ ಕಡಲಿಗೆ ಬೇಡ. 16,000 ಪೌಂಡ್ ತೂಕ, 11 ಅಡಿ ಅಗಲವಿದ್ದರೆ ಉತ್ತರ ಸುಮಾರು 1.75. ಆದರೆ ಭಾರ ಎಲ್ಲಿದೆ ಎಂಬುದು ಈ ಸೂತ್ರಕ್ಕೆ ತಿಳಿಯದು. ಅದೇ ತೂಕ ಕೀಲಿನಲ್ಲಿದ್ದರೂ ಹಾಯಿ ಕಟ್ಟುವ ಕಂಬವಾದ ಪಾಯಮರದ ತುದಿಯಲ್ಲಿದ್ದರೂ ಉತ್ತರ ಒಂದೇ. ಆದ್ದರಿಂದ ಒಟ್ಟು ತೂಕದಲ್ಲಿ ಕೀಲಿನ ಭಾರದ ಪಾಲು ಎಷ್ಟೆಂದು ಬೇರೆಯಾಗಿ ನೋಡಿ; ಶೇಕಡಾ 35ರಿಂದ 45ರವರೆಗೆ ಇದ್ದರೆ ಒಳ್ಳೆಯದು.

ಹಳೆಯ, ಭಾರದ ವಿನ್ಯಾಸವೆಂದು ಮೂಗು ಮುರಿಯಬೇಕಿಲ್ಲ. 2022ರಲ್ಲಿ ಹೊರಟ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ಭಾರತದ ಅಭಿಲಾಷ್ ಟಾಮಿ ಒಬ್ಬರೇ ಭೂಮಿಯನ್ನು ಸುತ್ತಿ ಎರಡನೆಯ ಸ್ಥಾನ ಪಡೆದದ್ದು ರಸ್ಲರ್ 36 ಎಂಬ ಉದ್ದ ಕೀಲಿನ ಫೈಬರ್ ದೋಣಿಯಲ್ಲಿ.

ಒಡಲು, ಡೆಕ್, ಮತ್ತು ಕಣ್ಣಿಗೆ ಬೀಳದ ಲೋಹ

ಉಕ್ಕಿನ ದೋಣಿ ಗಟ್ಟಿ, ಆದರೆ ನಮ್ಮ ಉಪ್ಪುಗಾಳಿಯಲ್ಲಿ ಅದಕ್ಕೆ ದಿನವೂ ಆರೈಕೆ ಬೇಕು. ಮರದ್ದಂತೂ ಇನ್ನೂ ಹೆಚ್ಚು. ಬಿಟ್ಟುಹೋಗುವವರಿಗೆ ಫೈಬರ್ ಒಡಲೇ ಸರಿ. ಇನ್ನೊಂದು ಅನುಕೂಲವೂ ಇದೆ: ಉಪ್ಪಳದಿಂದ ಬೇಕಲದವರೆಗೆ ಮೀನುಗಾರರ ಫೈಬರ್ ದೋಣಿಗಳನ್ನು ದುರಸ್ತಿ ಮಾಡುವ, ಮ್ಯಾಟ್ ಮತ್ತು ರೆಸಿನ್ ಬಲ್ಲ ಕೈಗಳು ನಮ್ಮೂರಲ್ಲೇ ಇವೆ.

ಒಡಲಿಗಿಂತ ಡೆಕ್, ಎಂದರೆ ನಾವು ಓಡಾಡುವ ಮೇಲ್ಹಾಸು, ಹೆಚ್ಚು ಮೋಸ ಮಾಡುತ್ತದೆ. ಹಲವು ದೋಣಿಗಳಲ್ಲಿ ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ತುಂಬಿರುತ್ತಾರೆ. ಒಂದು ಬೋಲ್ಟಿನ ರಂಧ್ರದಿಂದ ನೀರಿಳಿದರೂ ಸಾಕು, ಆ ಮರ ಒಳಗೊಳಗೇ ಕೊಳೆಯುತ್ತದೆ, ಮೇಲಿನ ಬಣ್ಣ ಹೊಳೆಯುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಸುತ್ತಿಗೆಯಿಂದ ಗೇಣು ಗೇಣಿಗೆ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ 'ಟಕ್' ಎಂಬ ಚುರುಕು ದನಿ, ಕೊಳೆತಲ್ಲಿ 'ದಬ್' ಎಂಬ ಮಂದ ದನಿ. ಹಲಸಿನಕಾಯಿಯನ್ನು ತಟ್ಟಿ ನೋಡಿ ಬಲ್ಲ ನಮ್ಮವರಿಗೆ ಈ ಕಿವಿ ಬೇಗ ಒಲಿಯುತ್ತದೆ. ಸಾಗುವಾನಿಯ ಹಲಗೆಗಳನ್ನು ಸ್ಕ್ರೂ ಹಾಕಿ ಕೂರಿಸಿದ ಡೆಕ್ ನೋಡಲು ಚೆಂದ. ಆದರೆ ಪ್ರತಿ ಸ್ಕ್ರೂ ನೀರಿಗೊಂದು ದಾರಿ, ನಮ್ಮ ಬಿಸಿಲಿಗೆ ಅದು ಅಂಗಾಲನ್ನೂ ಸುಡುತ್ತದೆ. ಅಂತಹದನ್ನು ಬಿಟ್ಟುಬಿಡಿ.

ಪಾಯಮರವನ್ನು ಎಳೆದು ಹಿಡಿಯುವ ತಂತಿಗಳು ಒಡಲಿಗೆ ಸೇರುವ ಉಕ್ಕಿನ ಪಟ್ಟಿಗಳಿಗೆ ಚೈನ್‌ಪ್ಲೇಟ್ ಎನ್ನುತ್ತಾರೆ. ಸ್ಟೇನ್‌ಲೆಸ್ ಸ್ಟೀಲ್ ತುಕ್ಕು ಹಿಡಿಯದೆ ಇರುವುದು ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ತೆಳುಪೊರೆ ಇರುವುದರಿಂದ. ಆ ಪೊರೆ ಮತ್ತೆ ಮತ್ತೆ ಕೂಡಿಕೊಳ್ಳಲು ಆಮ್ಲಜನಕ ಬೇಕು. ಡೆಕ್ಕಿನ ಸಂದಿಯಲ್ಲಿ ಉಪ್ಪುನೀರು ನಿಂತು ಗಾಳಿಯಾಡದಿದ್ದರೆ ಪೊರೆ ಅಳಿದು ಲೋಹ ಒಳಗೇ ಸವೆಯುತ್ತದೆ. ಮೇಲಿನ, ಕೆಳಗಿನ ಭಾಗಗಳು ಮಿರುಗುತ್ತಿದ್ದರೂ ನಡುವೆ ಪಟ್ಟಿ ಬಿರುಕು ಬಿಟ್ಟಿರಬಹುದು. ಒಂದನ್ನಾದರೂ ಬಿಚ್ಚಿ ತೋರಿಸಿ ಎಂದು ಮಾರುವವರನ್ನು ಕೇಳಲು ಹಿಂಜರಿಯಬೇಡಿ. ತಂತಿಗಳಿಗೆ ಹತ್ತು ಹದಿನೈದು ವರ್ಷ ದಾಟಿದ್ದರೆ ಹೊಸದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಎಂಜಿನ್ ಮತ್ತು ಒಳಮನೆ

ಡೀಸೆಲ್ ಎಂಜಿನ್ ಇರಲಿ, ಅದರ ಶಾಫ್ಟ್ ನೇರವಾಗಿ ಪ್ರೊಪೆಲ್ಲರಿಗೆ ಸೇರಲಿ. ಒಡಲಿನ ತಳದಿಂದ ನೀರಿಗೆ ಇಳಿಬಿಟ್ಟ ಕಾಲಿನಲ್ಲಿ ಪ್ರೊಪೆಲ್ಲರ್ ಇರುವ ಇನ್ನೊಂದು ವ್ಯವಸ್ಥೆಗೆ ಸೈಲ್‌ಡ್ರೈವ್ ಎನ್ನುತ್ತಾರೆ; ಅದು ಬೇಡ. ಸೈಲ್‌ಡ್ರೈವಿನ ಅಲ್ಯೂಮಿನಿಯಂ ಕಾಲು ಸದಾ ಉಪ್ಪುನೀರಿನಲ್ಲಿರುತ್ತದೆ, ಅದು ಒಡಲನ್ನು ದಾಟುವಲ್ಲಿ ನೀರು ತಡೆಯುವ ರಬ್ಬರ್ ಪೊರೆ ಬದಲಿಸಲು ದೋಣಿಯನ್ನು ನೀರಿನಿಂದ ಎತ್ತಲೇಬೇಕು.

ಯೂರೋಪಿನ ಚಳಿಗೆಂದು ಕಟ್ಟಿದ ದೋಣಿಗಳಲ್ಲಿ ಗಾಳಿಕಿಂಡಿ ಕಡಿಮೆ. ಪ್ರತಿ ಕೋಣೆಗೂ ಮೇಲಕ್ಕೆ ತೆರೆಯುವ ಹ್ಯಾಚ್ ಇದೆಯೇ, ಎಲ್ಲ ಮುಚ್ಚಿದ ಮೇಲೂ ಮಳೆನೀರು ಬಿಡದೆ ಗಾಳಿಯನ್ನಷ್ಟೇ ಒಳಬಿಡುವ ಡೊರೇಡ್ ಕಿಂಡಿಗಳಿವೆಯೇ ಎಂದು ನೋಡಿ. ಇಲ್ಲದಿದ್ದರೆ ಜುಲೈ ಮುಗಿಯುವಷ್ಟರಲ್ಲಿ ಹಾಸಿಗೆ, ಮರ, ಬಟ್ಟೆ ಎಲ್ಲಕ್ಕೂ ಬೂಷ್ಟು ಹಿಡಿಯುತ್ತದೆ.

ಅಡುಗೆ ಅನಿಲದ ಬಗ್ಗೆ ರಾಜಿ ಬೇಡ. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಾದರೆ ಬಾಗಿಲ ಸಂದಿಯಿಂದ ಹೊರಹೋದೀತು, ದೋಣಿಯಲ್ಲಿ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ, ಒಂದು ಕಿಡಿ ಸಾಕು. ಸಿಲಿಂಡರ್ ಪ್ರತ್ಯೇಕ ಗೂಡಿನಲ್ಲಿರಬೇಕು, ಗೂಡಿನ ತಳದ ಕೊಳವೆ ದೋಣಿಯ ಹೊರಕ್ಕೇ ತೆರೆಯಬೇಕು.

ನೀರು ತಲೆಗೆ ದಿನಕ್ಕೆ ಹತ್ತು ಲೀಟರ್ ಎಂದುಕೊಂಡರೆ ಇಬ್ಬರಿಗೆ 300 ಲೀಟರ್ ಟ್ಯಾಂಕ್ 15 ದಿನಕ್ಕೆ ಬರುತ್ತದೆ. ಅಗಲವಾದ ಮಂಚ ಬಂದರಿನಲ್ಲಿ ಹಿತ, ದೋಣಿ ವಾಲಿದಾಗ ಉರುಳಿ ಬೀಳಿಸುತ್ತದೆ. ತಡೆಬಟ್ಟೆ ಕಟ್ಟಬಹುದಾದ ಇಕ್ಕಟ್ಟಿನ ಮಲಗುಜಾಗ ಒಂದಾದರೂ ಇರಲಿ.

ಹಣ ಕೊಡುವ ಮೊದಲು

ಕೊಂಡ ಬೆಲೆಯ ಹತ್ತನೇ ಒಂದು ಪಾಲು ಪ್ರತಿವರ್ಷ ನಿರ್ವಹಣೆಗೆ ಬೇಕೆಂಬುದು ನಾವಿಕರ ವಾಡಿಕೆಯ ಲೆಕ್ಕ. ಅದನ್ನು ಎತ್ತಿಟ್ಟ ಮೇಲೆ ಉಳಿಯುವ ಮೊತ್ತಕ್ಕೆ ದೋಣಿ ಹುಡುಕಿ. ಮುಂಗಡ ಕೊಟ್ಟರೂ ದೋಣಿ ಪರೀಕ್ಷಿಸುವ ಸರ್ವೇಯರ್ ನೋಡಿದ ಬಳಿಕವೇ ಮಾತು ಪೂರ್ತಿಯಾಗಲಿ. ದೋಣಿಯನ್ನು ನೀರಿನಿಂದ ಎತ್ತಿಸಿ ಒಡಲಿನಲ್ಲಿ ಗುಳ್ಳೆಗಳಿವೆಯೇ ಎಂದು ಕೈಯಾಡಿಸಿ ನೋಡಿ, ಕೀಲ್ ಒಡಲಿಗೆ ಸೇರುವ ಗೆರೆಯಲ್ಲಿ ಬಿರುಕು ಹುಡುಕಿ, ಚುಕ್ಕಾಣಿಯನ್ನು ಹಿಡಿದು ಅಲುಗಾಡಿಸಿ. ಕೊನೆಗೆ ಕಡಲಿಗಿಳಿಸಿ, ತಣ್ಣಗಿರುವ ಎಂಜಿನನ್ನು ನಿಮ್ಮ ಕಣ್ಣೆದುರೇ ಚಾಲೂ ಮಾಡಿಸಿ. ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇವೆಂದು ಹೇಳಿ ಹೊರಡಿ.