ಶಿಕ್ಷೆಯಾದ ನಾಯಕರು ಚುನಾವಣೆಗೆ ನಿಲ್ಲಬಹುದೇ? ಎರಡು ವರ್ಷದ ಗೆರೆ ಬಂದ ದಾರಿ

ಮೊದಲ ಲೋಕಸಭಾ ಚುನಾವಣೆಯಲ್ಲಿ ಗುಲ್ಬರ್ಗಾದಿಂದ ಗೆದ್ದವರು ಸ್ವಾಮಿ ರಮಾನಂದ ತೀರ್ಥರು. ನಿಜಾಮರ ಆಡಳಿತದ ವಿರುದ್ಧ ಹೋರಾಡಿ ಹಲವು ಸಲ ಜೈಲು ಕಂಡವರು. ನಮ್ಮ ಕಲಬುರಗಿ ಆಗ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಜೈಲಿಗೆ ಹೋಗಿ ಬಂದವರೆಂದರೆ ಜನ ಕೈ ಮುಗಿಯುತ್ತಿದ್ದ ಕಾಲ ಅದು. ಆ ಚುನಾವಣೆ ನಡೆದದ್ದು 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ ಅಡಿಯಲ್ಲಿ. ಎರಡು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಜೈಲು ಶಿಕ್ಷೆಯಾದವರು ಬಿಡುಗಡೆಯಾದ ಮೇಲೂ ಐದು ವರ್ಷ ಸ್ಪರ್ಧಿಸುವಂತಿಲ್ಲ ಎಂದು ಆ ಕಾಯ್ದೆಯಲ್ಲೇ ಬರೆದಿತ್ತು.

ಈ ಗೆರೆಯನ್ನು ಮೊದಲು ಎಳೆದವರು ನಮ್ಮವರಲ್ಲ. ಬ್ರಿಟಿಷರ 1935ರ ಭಾರತ ಸರ್ಕಾರ ಕಾಯ್ದೆಯಲ್ಲೂ ಇದೇ ಎರಡು ವರ್ಷ, ಇದೇ ಐದು ವರ್ಷ ಇತ್ತು. ಬೇಕಾದವರಿಗೆ ಈ ಅವಧಿ ಕಡಿಮೆ ಮಾಡುವ ಅಧಿಕಾರ ಗವರ್ನರ್ ಜನರಲ್ ಮತ್ತು ಗವರ್ನರ್‌ಗಳ ಕೈಯಲ್ಲಿತ್ತು. ಸ್ವಾತಂತ್ರ್ಯ ಬಂದ ಮೇಲೆ ಆ ಅಧಿಕಾರ ಚುನಾವಣಾ ಆಯೋಗಕ್ಕೆ ಹೋಯಿತು. ಅದು ಇವತ್ತಿಗೂ ಇದೆ. ಸಿಕ್ಕಿಂನ ಪ್ರೇಮ್ ಸಿಂಗ್ ತಮಾಂಗ್ ಭ್ರಷ್ಟಾಚಾರ ಪ್ರಕರಣದಲ್ಲಿ (ಇದಕ್ಕೆ ಎರಡು ವರ್ಷದ ಲೆಕ್ಕವಿಲ್ಲ, ಮುಂದೆ ಹೇಳುತ್ತೇನೆ) ಒಂದು ವರ್ಷ ಶಿಕ್ಷೆ ಅನುಭವಿಸಿ ಬಂದಿದ್ದರು. 2019ರಲ್ಲಿ ಮುಖ್ಯಮಂತ್ರಿಯಾದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಆಯೋಗ ಅವರ ಆರು ವರ್ಷದ ಅನರ್ಹತೆಯನ್ನು ಒಂದು ವರ್ಷ ಒಂದು ತಿಂಗಳಿಗೆ ಇಳಿಸಿತು. ಇಂಥ ಅಧಿಕಾರ ಒಂದು ಕಚೇರಿಯ ಕೈಯಲ್ಲಿ ಇರುವುದು ಸರಿಯಲ್ಲ ಎಂದೇ ನನಗೆ ಅನಿಸುತ್ತದೆ.

ಮುಂದಿನ ತಿದ್ದುಪಡಿಗಳಲ್ಲಿ ಐದು ವರ್ಷ ಆರಾಯಿತು. ಈಗಿನ 8ನೇ ಸೆಕ್ಷನ್ ಪ್ರಕಾರ ಲಂಚ, ಅತ್ಯಾಚಾರ, ಅಸ್ಪೃಶ್ಯತೆ ಆಚರಣೆ, ಭಯೋತ್ಪಾದನೆ, ಗುಂಪುಗಳ ನಡುವೆ ದ್ವೇಷ ಹಚ್ಚುವುದು ಮುಂತಾದವುಗಳಿಗೆ ಎರಡು ವರ್ಷದ ಲೆಕ್ಕವೇ ಇಲ್ಲ. ಬರೀ ದಂಡ ಬಿದ್ದರೂ ಆರು ವರ್ಷ ಹೊರಗೆ. ಕಲಬೆರಕೆ, ಕಾಳಸಂತೆ, ವರದಕ್ಷಿಣೆ ಪ್ರಕರಣಗಳಲ್ಲಿ ಆರು ತಿಂಗಳ ಜೈಲು ಶಿಕ್ಷೆ ಸಾಕು. ಉಳಿದ ಅಪರಾಧಗಳಿಗೆ ಹಳೆಯ ಎರಡು ವರ್ಷ.

ಆದರೆ ಈ ಕಾಯ್ದೆಯಲ್ಲಿ ಮೊದಲಿಂದಲೂ ಒಂದು ಕಿಂಡಿ ಇತ್ತು. ಹೊಸದಾಗಿ ಸ್ಪರ್ಧಿಸುವವರಿಗೆ ಶಿಕ್ಷೆಯಾದರೆ ಬಾಗಿಲು ತಕ್ಷಣ ಮುಚ್ಚುತ್ತಿತ್ತು. ಆಗಲೇ ಶಾಸಕರೋ ಸಂಸದರೋ ಆಗಿದ್ದರೆ ಮೂರು ತಿಂಗಳ ಕಾಲಾವಕಾಶ. ಅಷ್ಟರಲ್ಲಿ ಮೇಲ್ಮನವಿ ಹಾಕಿದರೆ ಅದು ಮುಗಿಯುವವರೆಗೂ ಕುರ್ಚಿ ಭದ್ರ. ಮೇಲ್ಮನವಿ ಎಷ್ಟು ವರ್ಷ ನಡೆಯುತ್ತದೆ ಅನ್ನುವುದು ಜಮೀನಿನ ಕೇಸಿಗೆ ಕೋರ್ಟ್ ಅಲೆದವರಿಗೆಲ್ಲ ಗೊತ್ತು, ಅಲ್ವಾ?

2005ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಈ ರಕ್ಷಣೆಯಲ್ಲಿ ಅರ್ಥವಿದೆ ಎಂದಿತ್ತು. ಒಬ್ಬ ಸದಸ್ಯ ಹೋದರೆ ಬಹುಮತವೇ ಅಲ್ಲಾಡಬಹುದು, ಉಪಚುನಾವಣೆ ಬರುತ್ತದೆ ಎಂಬುದು ಕಾರಣ. 2013ರ ಜುಲೈ 10ರಂದು ಅದೇ ಕೋರ್ಟ್, ವಕೀಲೆ ಲಿಲಿ ಥಾಮಸ್ ಮತ್ತು ಲೋಕ ಪ್ರಹರಿ ಸಂಸ್ಥೆಯ ಅರ್ಜಿಗಳ ಮೇಲೆ ಆ ಕಿಂಡಿಯನ್ನು ಮುಚ್ಚಿತು. ಅಭ್ಯರ್ಥಿಗೊಂದು, ಸದಸ್ಯನಿಗೊಂದು ಅನರ್ಹತೆ ಮಾಡುವ ಅಧಿಕಾರ ಸಂಸತ್ತಿಗೆ ಇಲ್ಲ, ಶಿಕ್ಷೆಯಾದ ಕೂಡಲೇ ಸ್ಥಾನ ಹೋಗುತ್ತದೆ ಎಂದಿತು.

ಆಗಿನ ಯುಪಿಎ ಸರ್ಕಾರ ಇದನ್ನು ತಪ್ಪಿಸಲು ಸುಗ್ರೀವಾಜ್ಞೆ ತರಲು ಹೊರಟಿತು. ರಾಹುಲ್ ಗಾಂಧಿ ಪತ್ರಕರ್ತರ ಮುಂದೆಯೇ ಅದನ್ನು ಹರಿದು ಬಿಸಾಡಬೇಕು ಎಂದರು. ಅಕ್ಟೋಬರ್‌ನಲ್ಲಿ ಅದು ವಾಪಸಾಯಿತು. ಅಧಿಕಾರದಲ್ಲಿರುವವರು ತಮ್ಮವರಿಗಾಗಿ ಕಾನೂನಿಗೆ ಕೈ ಹಾಕಿದ್ದು ಅದೇ ಮೊದಲಲ್ಲ. 1975ರಲ್ಲಿ ಅಲಹಾಬಾದ್ ಹೈಕೋರ್ಟ್ ಚುನಾವಣಾ ಅಕ್ರಮಕ್ಕಾಗಿ ಇಂದಿರಾ ಗಾಂಧಿಯವರನ್ನು ಆರು ವರ್ಷ ಅನರ್ಹಗೊಳಿಸಿದಾಗ, ತುರ್ತು ಪರಿಸ್ಥಿತಿಯ ಸಂಸತ್ತು ಚುನಾವಣಾ ಕಾಯ್ದೆಯನ್ನೇ ಬದಲಿಸಿತು. ಅನರ್ಹತೆ ಹೋಯಿತು. 1978ರಲ್ಲಿ ಅವರು ಚಿಕ್ಕಮಗಳೂರಿನಲ್ಲಿ ನಿಂತರು. ಅವರಿಗೆ ಎದುರಾಗಿ ನಿಂತು ಸೋತವರು ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು.

2013ರ ತೀರ್ಪಿನಿಂದಾಗಿ ಮೊಟ್ಟಮೊದಲು ಸ್ಥಾನ ಕಳೆದುಕೊಂಡವರು ರಾಜ್ಯಸಭೆಯ ರಶೀದ್ ಮಸೂದ್. ಬೆನ್ನಿಗೇ ಮೇವು ಹಗರಣದಲ್ಲಿ ಲಾಲು ಪ್ರಸಾದ್. ಮರುವರ್ಷ ಬೆಂಗಳೂರಿನ ಪರಪ್ಪನ ಅಗ್ರಹಾರದಲ್ಲಿ ಬಂದ ತೀರ್ಪು ಜಯಲಲಿತಾ ಅವರ ಮುಖ್ಯಮಂತ್ರಿ ಪಟ್ಟವನ್ನೇ ತೆಗೆದುಕೊಂಡಿತು. ಸುಗ್ರೀವಾಜ್ಞೆ ಬೇಡವೆಂದ ರಾಹುಲ್ ಗಾಂಧಿಯವರಿಗೂ ಇದು ತಟ್ಟಿತು. 2019ರಲ್ಲಿ ಕೋಲಾರದಲ್ಲಿ ಮಾಡಿದ ಭಾಷಣಕ್ಕೆ 2023ರ ಮಾರ್ಚ್‌ನಲ್ಲಿ ಸೂರತ್ ಕೋರ್ಟ್ ಸರಿಯಾಗಿ ಎರಡು ವರ್ಷ ಶಿಕ್ಷೆ ಕೊಟ್ಟಿತು. ಒಂದು ದಿನ ಕಡಿಮೆಯಾಗಿದ್ದರೂ ಸದಸ್ಯತ್ವ ಉಳಿಯುತ್ತಿತ್ತು. ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟ ಮೇಲೆ ಸ್ಥಾನ ಮರಳಿತು.

ಈಗಿನ ಇಡೀ ಆಟ ನಿಂತಿರುವುದು ಈ ತಡೆಯ ಮೇಲೆ. ಜಾಮೀನು ಸಿಕ್ಕರೆ ಸಾಲದು. ಶಿಕ್ಷೆಗೆ ತಡೆ ಸಿಕ್ಕರೂ ಸಾಲದು. ‘ಅಪರಾಧಿ’ ಎಂಬ ತೀರ್ಮಾನಕ್ಕೇ ಮೇಲಿನ ಕೋರ್ಟ್ ತಡೆ ಕೊಡಬೇಕು. ಕಲ್ಯಾಣ ಕರ್ನಾಟಕದ್ದೇ ಉದಾಹರಣೆ ಇದೆ. ಗಂಗಾವತಿ ಶಾಸಕ ಜನಾರ್ದನ ರೆಡ್ಡಿಯವರಿಗೆ ಓಬಳಾಪುರಂ ಗಣಿ ಪ್ರಕರಣದಲ್ಲಿ 2025ರ ಮೇ 6ರಂದು ಏಳು ವರ್ಷ ಶಿಕ್ಷೆಯಾಯಿತು, ಶಾಸಕ ಸ್ಥಾನ ಹೋಯಿತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟಿನ ತಡೆ ಬಂತು, ಸ್ಥಾನ ಮರಳಿತು. ಮೇಲ್ಮನವಿ ತಕ್ಷಣ ಮುಗಿಯುವುದಾದರೆ ಇದರಲ್ಲಿ ತಪ್ಪಿಲ್ಲ. ವರ್ಷಗಟ್ಟಲೆ ಎಳೆದರೆ 2013ರಲ್ಲಿ ಮುಚ್ಚಿದ ಕಿಂಡಿ ಬೇರೆ ಕಡೆ ತೆರೆದಂತೆಯೇ.

ಜೀವಮಾನವಿಡೀ ನಿಷೇಧ ಬೇಕು ಎಂಬ ಮಾತು ಜನರ ಬಾಯಲ್ಲಿ ಜಾಸ್ತಿ ಇದೆ. ಶಿಕ್ಷೆಯಾದ ಸರ್ಕಾರಿ ಜವಾನ ಕೆಲಸ ಕಳೆದುಕೊಳ್ಳುತ್ತಾನೆ, ಮಂತ್ರಿಯಾಗುವವರಿಗೆ ಮಾತ್ರ ಆರು ವರ್ಷವೇ ಎಂಬ ಸಿಟ್ಟು ನ್ಯಾಯವಾದದ್ದೇ. ವಕೀಲ ಅಶ್ವಿನಿ ಕುಮಾರ್ ಉಪಾಧ್ಯಾಯ 2016ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಇದನ್ನು ಕೇಳಿದರು. ಆಜೀವ ನಿಷೇಧ ಅತಿಯಾಯಿತು, ಅದನ್ನು ಸಂಸತ್ತು ತೀರ್ಮಾನಿಸಬೇಕು ಎಂದು ಕೇಂದ್ರ ಸರ್ಕಾರ 2025ರ ಫೆಬ್ರುವರಿಯಲ್ಲಿ ಉತ್ತರ ಕೊಟ್ಟಿತು. ನನ್ನ ಚಿಂತೆ ಮಾತ್ರ ಇನ್ನೊಂದು. ಆರು ವರ್ಷವಿರಲಿ, ಆಜೀವವಿರಲಿ, ತೀರ್ಪು ಬಂದ ಮೇಲಷ್ಟೇ ಎಣಿಕೆ ಶುರು. ಆ ತೀರ್ಪೇ ಬರುವುದಿಲ್ಲವಲ್ಲ!

ಶಾಸಕ, ಸಂಸದರ ಮೇಲಿನ ಪ್ರಕರಣಗಳಲ್ಲಿ ಆರೋಪ ಹೊರಿಸಿದ ಒಂದು ವರ್ಷದೊಳಗೆ ವಿಚಾರಣೆ ಮುಗಿಸಿ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತ್ತು. 2017ರ ಆದೇಶದ ನಂತರ ವಿಶೇಷ ಕೋರ್ಟುಗಳು ಬಂದವು. ನಮ್ಮ ರಾಜ್ಯದ್ದು ಬೆಂಗಳೂರಿನಲ್ಲಿ ಕೂತಿತು. ಬೀದರ್, ಯಾದಗಿರಿಯ ಕೂಲಿಕಾರನೊಬ್ಬ ಸಾಕ್ಷಿಯಾದರೆ ಅಲ್ಲಿಗೆ ಒಂದು ರಾತ್ರಿಯ ಪ್ರಯಾಣ. ಮುಂದೂಡಿದರೆ ಮತ್ತೆ ಅದೇ ದಾರಿ, ಮತ್ತೆ ಕೂಲಿ ಹೋಗುತ್ತದೆ. ಹೈಕೋರ್ಟ್ ಪೀಠ ಕಲಬುರಗಿಗೆ ಬರಬಹುದಾದರೆ ಇಂಥ ವಿಚಾರಣೆಯೂ ಇಲ್ಲೇ ನಡೆಯಬೇಕು.

ಆರೋಪ ಇದ್ದ ಮಾತ್ರಕ್ಕೆ ಸ್ಪರ್ಧೆ ತಡೆಯಲು ಆಗುವುದಿಲ್ಲ ಎಂದು 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ವಿರೋಧಿಯ ಮೇಲೆ ಸುಮ್ನೆ ಕೇಸು ಜಡಿಯುವುದು ಸುಲಭ, ಹಾಗಾಗಿ ಈ ಮಾತು ಸರಿ. ಆದರೆ ಅಭ್ಯರ್ಥಿಗಳು ಮತ್ತು ಪಕ್ಷಗಳು ಪ್ರಕರಣಗಳ ವಿವರವನ್ನು ಪತ್ರಿಕೆ, ಟಿವಿಗಳಲ್ಲಿ ಪ್ರಕಟಿಸಲೇಬೇಕು. ನಾಮಪತ್ರದ ಜೊತೆಗಿನ ಫಾರಂ 26ರ ಅಫಿಡವಿಟ್‌ನಲ್ಲೂ ಬಾಕಿ ಇರುವ ಕೇಸು ಬೇರೆ, ಶಿಕ್ಷೆಯಾದ ಕೇಸು ಬೇರೆ ಇರುತ್ತದೆ. ಮೇಲ್ಮನವಿ ಯಾವ ಹಂತದಲ್ಲಿದೆ ಎಂಬುದನ್ನೂ ಅಲ್ಲೇ ಬರೆಯಬೇಕು. ಚುನಾವಣಾ ಆಯೋಗದ ವೆಬ್‌ಸೈಟ್‌ನಲ್ಲಿ ಇದನ್ನು ಯಾರು ಬೇಕಾದರೂ ಓದಬಹುದು. ಓದುವಾಗ ಪ್ರಕರಣದ ಸಂಖ್ಯೆಗಿಂತ ಮೊದಲು ಅದು ದಾಖಲಾದ ವರ್ಷ ನೋಡಿ.